ಊರಿನ ಇತಿಹಾಸಕ್ಕೆ ಅಂತರ್ಜಾಲದ ಆಕರಗಳು: ಹುಡುಕುವ ಮತ್ತು ಒರೆಹಚ್ಚುವ ಬಗೆ

ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣಸಂಚಿಕೆಗೋ ಶಾಲೆಯ ಶತಮಾನೋತ್ಸವಕ್ಕೋ ಊರಿನ ಇತಿಹಾಸ ಬರೆದುಕೊಡಬೇಕೆಂಬ ಕೋರಿಕೆ ಮಂಗಳೂರು, ಉಡುಪಿಯ ಕಡೆ ಬರೆಯಬಲ್ಲ ಎಲ್ಲರಿಗೂ ಒಂದಲ್ಲ ಒಂದು ದಿನ ಬರುತ್ತದೆ. ಸಂಚಿಕೆ ಅಚ್ಚಿಗೆ ಹೋಗಲು ಹೆಚ್ಚು ದಿನ ಉಳಿದಿರುವುದಿಲ್ಲವಾದ್ದರಿಂದ ಕೈ ಮೊದಲು ಮೊಬೈಲಿಗೇ ಹೋಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಕರಾವಳಿಯ ಚರಿತ್ರೆಯ ಎಷ್ಟೋ ಮೂಲ ಆಕರಗಳು ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಆದರೆ ಹುಡುಕಿದೊಡನೆ ಮೇಲೆ ಬರುವ ಪುಟಗಳು ಸಾಮಾನ್ಯವಾಗಿ ಆ ಆಕರಗಳಲ್ಲ, ಅವುಗಳಿಂದ ನಾಲ್ಕಾರು ಕೈ ದಾಟಿ ಬಂದ ಮಾತುಗಳು. ಪ್ರತಿಯೊಂದು ಮಾತನ್ನೂ ಅದನ್ನು ಮೊದಲು ಬರೆದವನವರೆಗೆ ಹಿಂಬಾಲಿಸಿ ಹೋಗುವುದೇ ಇಲ್ಲಿನ ಕೆಲಸ.

ಹುಡುಕುವ ಮೊದಲು ನಮ್ಮ ಊರು ಯಾವ ಕಾಲದಲ್ಲಿ ಯಾರ ಆಡಳಿತಕ್ಕೆ ಸೇರಿತ್ತು ಎಂಬುದನ್ನು ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಕಾಗದಪತ್ರ ಇರುವುದು ಆಳಿದವರ ಕಚೇರಿಯಲ್ಲಿ. 1799ರಲ್ಲಿ ಟಿಪ್ಪು ಮಡಿದ ಬಳಿಕ ಕೆನರಾ ಎಂದು ಕರೆಯುತ್ತಿದ್ದ ಈ ಕರಾವಳಿ ಈಸ್ಟ್ ಇಂಡಿಯಾ ಕಂಪೆನಿಯ ವಶವಾಯಿತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತ್ಯಕ್ಕೆ ಹೋದರೂ ದಕ್ಷಿಣ ಕೆನರಾ ಮದ್ರಾಸಿನಲ್ಲೇ ಉಳಿದು, 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಹೀಗಾಗಿ ಮೈಸೂರು ಸಂಸ್ಥಾನ ಮತ್ತು ಕೊಡಗಿನ ಶಾಸನಗಳಿಗಾಗಿ ಹೊರಟ ರೈಸರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಬಾರಕೂರನ್ನು ಹುಡುಕುವುದು ವ್ಯರ್ಥ ಶ್ರಮ. ಬಾರಕೂರು, ಮೂಡುಬಿದಿರೆಗಳ ಶಾಸನಪಾಠಗಳಿಗೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 7ನೆಯ ಸಂಪುಟವನ್ನು ತೆರೆಯಬೇಕು. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ದಾಖಲೆಗೆ ‘ಸೌತ್ ಕೆನರಾ’ ಅಥವಾ ‘ದಕ್ಷಿಣ ಕನ್ನಡ’ ಎಂದೂ, ಕೆನರಾ ಇಬ್ಭಾಗವಾಗುವ ಮೊದಲಿನದಕ್ಕೆ ಬರಿಯ ‘ಕೆನರಾ’ ಎಂದೂ ಹುಡುಕಬೇಕು. 1894ರಲ್ಲಿ ಬಂದ ಸ್ಟರಕ್‌ನ ಜಿಲ್ಲಾ ಕೈಪಿಡಿಯೂ, 1807ರಲ್ಲಿ ಅಚ್ಚಾದ ಬುಕಾನನ್‌ನ ಪ್ರವಾಸ ಕಥನವೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಇಡಿಯಾಗಿ ಇವೆ.

ಅಲ್ಲಿ ಹೆಸರುಗಳ ಕಾಗುಣಿತವೇ ದೊಡ್ಡ ತೊಡಕು. ಪೋರ್ಚುಗೀಸರ ಬರಹದಲ್ಲಿ ಬಸ್ರೂರು ಬಾರ್ಸೆಲೋರ್ ಆಗಿದೆ, ಇಟಲಿಯವನೊಬ್ಬನಿಗೆ ಉಳ್ಳಾಲ ಒಲಾಲಾ, ಅರಸುಮನೆತನದ ಬಂಗರು ಬಂಘೇಲ್. ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳ ಶೀರ್ಷಿಕೆಗಳನ್ನು ರೋಮನ್ ಲಿಪಿಯಲ್ಲಿ ಕೈಗೆ ಬಂದಂತೆ ಟೈಪಿಸಿರುವುದರಿಂದ ಒಂದೇ ಹೆಸರನ್ನು ಹಲವು ಬಗೆಯಲ್ಲಿ ಕೊಟ್ಟು ನೋಡುವ ತಾಳ್ಮೆ ಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಹಳೆಯ ಫೋಟೋಗಳು ಬಾಸೆಲ್‌ನ ಮಿಷನ್ ದಾಖಲಾಗಾರದ ತಾಣದಲ್ಲಿವೆ. ಇಲ್ಲಿನ ಕಲ್ಲಚ್ಚು, ಮೊಳೆಯಚ್ಚಿನ ಕನ್ನಡ, ತುಳು ಪುಸ್ತಕಗಳು ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲ್‌ನಲ್ಲಿ ಸಿಗುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ‘ನೂರು ವರ್ಷ ಹಿಂದಿನ ಹಂಪನಕಟ್ಟೆ’ ಎಂದು ಓಡಾಡುವ ಚಿತ್ರವನ್ನು ಸಂಚಿಕೆಗೆ ಕೊಡುವ ಮೊದಲು ಇಂಥ ಸಂಗ್ರಹದಲ್ಲಿ ಅದರ ಮೂಲ ಪ್ರತಿಯೂ ವರ್ಷವೂ ಸಿಗುತ್ತವೆಯೇ ನೋಡಬೇಕು. ಸಿಗದಿದ್ದರೆ ಅದನ್ನು ಕೈಬಿಡುವುದೇ ಒಳ್ಳೆಯದು, ಸಂಪಾದಕರು ಎಷ್ಟೇ ಒತ್ತಾಯಿಸಲಿ.

ಒರೆಹಚ್ಚುವ ಬಗೆಗೆ ಉಳ್ಳಾಲದ ಅಬ್ಬಕ್ಕನನ್ನೇ ತೆಗೆದುಕೊಳ್ಳೋಣ. 1555ರಲ್ಲಿ ಪೋರ್ಚುಗೀಸರನ್ನು ಎದುರಿಸಿದವಳೂ ಮುಂದಿನ ಶತಮಾನದಲ್ಲಿ ವಿದೇಶಿ ಪ್ರವಾಸಿಗೆ ಭೇಟಿ ಕೊಟ್ಟವಳೂ ಒಬ್ಬಳೇ ಎಂಬಂತೆ ಬರೆದ ಪುಟಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಆ ಪ್ರವಾಸಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ. ಅವನ ಪತ್ರಗಳ ಇಂಗ್ಲಿಷ್ ಅನುವಾದವನ್ನು ಹ್ಯಾಕ್ಲೂಟ್ ಸೊಸೈಟಿ 1892ರಲ್ಲಿ ಮರುಮುದ್ರಿಸಿದ್ದು, ಅದು ಸುಲಭವಾಗಿ ಸಿಗುತ್ತದೆ. 1623ರಲ್ಲಿ ಮಾಣೇಲಿನಲ್ಲಿ, ತಾನು ತೋಡಿಸುತ್ತಿದ್ದ ಕಾಲುವೆಯ ಕೆಲಸ ನೋಡಿಕೊಂಡು ಕಾಲ್ನಡಿಗೆಯಲ್ಲಿ ಬರುತ್ತಿದ್ದ ರಾಣಿಯನ್ನು ಅವನು ಕಂಡ. ಇತರರು ಹೆಚ್ಚು ವಯಸ್ಸು ಹೇಳಿದ್ದರೂ ತನ್ನ ಕಣ್ಣಿಗೆ ಅವಳು ಸುಮಾರು 40 ವರ್ಷದವಳಾಗಿ ಕಂಡಳೆಂದು ಬರೆದ. ಅವನ ಅಂದಾಜು ಸರಿಯಾದರೆ 1555ರಲ್ಲಿ ಆಕೆ ಹುಟ್ಟಿಯೇ ಇರಲಿಲ್ಲ. ಅಂದಾಜು ತಪ್ಪೆಂದೇ ಹಿಡಿದು, 1555ರಲ್ಲಿ ಆಕೆಗೆ 20 ವರ್ಷವೆಂದುಕೊಂಡರೆ ಕಾಲುವೆ ನೋಡಿ ನಡೆದು ಬರುವಾಗ 88 ಆಗಿರಬೇಕು. ಅಬ್ಬಕ್ಕ ಎಂಬ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಮಂದಿ ಎಂದು ಇತಿಹಾಸಕಾರರು ವಾದಿಸುವುದು ಇಂಥ ಲೆಕ್ಕದಿಂದಲೇ. ಇಷ್ಟಾಗಿಯೂ ದೆಲ್ಲಾ ವಾಲೆಯ ಎಲ್ಲ ಮಾತಿಗೂ ಒಂದೇ ತೂಕವಿಲ್ಲ: ಕಾಲುವೆ, ಉಡುಗೆ, ನಡಿಗೆ ಅವನು ಕಣ್ಣಾರೆ ಕಂಡದ್ದು, ರಾಣಿಯ ಮನೆಯೊಳಗಿನ ಜಗಳಗಳು ಯಾರೋ ಹೇಳಿ ಇವನು ಬರೆದುಕೊಂಡದ್ದು. ಒಂದೇ ಆಕರದೊಳಗೆ ಈ ಎರಡನ್ನು ಬೇರ್ಪಡಿಸಿ ಓದಬೇಕು.

ಬರೆದವನ ಪಕ್ಷವನ್ನೂ ಗಮನಿಸಬೇಕು. 1837ರಲ್ಲಿ ಕಂಪೆನಿಯ ವಿರುದ್ಧ ನಡೆದ ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಬಂಡಾಯ ಕಂಪೆನಿಯ ಅಧಿಕಾರಿಗಳಿಗೆ ದಂಗೆ, ಇಂದಿನ ಪುಟಗಳಿಗೆ ಸ್ವಾತಂತ್ರ್ಯ ಸಮರ. ದಂಡು ಯಾವ ದಿನ ಎಲ್ಲಿತ್ತು ಎಂಬುದಕ್ಕೆ ಅಧಿಕಾರಿಯ ಪತ್ರ ಬಹುಮಟ್ಟಿಗೆ ಸಾಕು. ಜನ ಏಕೆ ಎದ್ದರು ಎಂಬುದಕ್ಕೆ ಅವನೊಬ್ಬನ ಮಾತು ಸಾಲದು.

ತೇದಿಗಳ ವಿಷಯದಲ್ಲಿ ಜಾಲತಾಣಗಳು ಎಡವುವುದು ಶಕವರ್ಷವನ್ನು ಕ್ರಿಸ್ತಶಕಕ್ಕೆ ತಿರುಗಿಸುವಾಗ. ಸಾಮಾನ್ಯ ಸೂತ್ರ 78 ಕೂಡಿಸುವುದು. ಕಾರ್ಕಳದ ಗೊಮ್ಮಟನ ಪ್ರತಿಷ್ಠೆಯಾದದ್ದು ಶಕ 1353, ವಿರೋಧಿಕೃತ್ ಸಂವತ್ಸರದ ಫಾಲ್ಗುಣ ಶುದ್ಧ ದ್ವಾದಶಿಯಂದು. ಕಣ್ಣುಮುಚ್ಚಿ ಕೂಡಿಸಿದರೆ 1431 ಬರುತ್ತದೆ. ಆದರೆ ಫಾಲ್ಗುಣ ವರ್ಷದ ಕೊನೆಯ ತಿಂಗಳು, ಅಷ್ಟರಲ್ಲಿ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ. ಸರಿಯಾದ ತೇದಿ 1432ರ ಫೆಬ್ರವರಿ 13. ಆದ್ದರಿಂದ ಮಾಸದ ಹೆಸರು ಕೊಡದೆ ಬರಿಯ ಇಸವಿ ಕೊಡುವ ಪುಟವನ್ನು ನಂಬುವ ಮುನ್ನ ಶಾಸನಪಾಠವನ್ನೇ ನೋಡಬೇಕು.

ವಿಕಿಪೀಡಿಯವನ್ನು ದೂರವಿಡಬೇಕಾಗಿಲ್ಲ. ಅಲ್ಲಿನ ವಾಕ್ಯವನ್ನು ಎತ್ತಿಕೊಳ್ಳುವ ಬದಲು ಅದರ ಅಡಿಟಿಪ್ಪಣಿಯನ್ನು ತೆರೆದು ನೋಡಬೇಕು. ಟಿಪ್ಪಣಿ ಒಂದು ಪತ್ರಿಕಾ ಲೇಖನದತ್ತ ಕಳಿಸಿದರೆ, ಆ ಲೇಖನ ವಿಕಿಪೀಡಿಯದಲ್ಲಿ ಆ ವಾಕ್ಯ ಸೇರಿದ ಮೇಲೆ ಬಂದದ್ದೋ ಮೊದಲೋ ಎಂಬುದು ಪುಟದ ಸಂಪಾದನಾ ಇತಿಹಾಸದಲ್ಲಿ ತಿಳಿಯುತ್ತದೆ. ಎಷ್ಟೋ ಬಾರಿ ಇವರು ಅವರನ್ನೂ ಅವರು ಇವರನ್ನೂ ನೋಡಿ ಬರೆದಿರುತ್ತಾರೆ. ಒಂದೇ ವಾಕ್ಯ ಹತ್ತು ತಾಣಗಳಲ್ಲಿ ಅಕ್ಷರಶಃ ಕಂಡರೆ ಅದು ಹತ್ತು ಸಾಕ್ಷಿಯಲ್ಲ, ಒಂದೇ ಸಾಕ್ಷಿ.

ಓದುವಾಗಲೇ ಪುಸ್ತಕದ ಹೆಸರು, ಮುದ್ರಣದ ವರ್ಷ, ಪುಟಸಂಖ್ಯೆಗಳನ್ನು ಗುರುತು ಹಾಕಿಕೊಳ್ಳಬೇಕು. ಪುಟ ಮಾಯವಾಗುವ ಭಯವಿದ್ದಲ್ಲಿ ಜಾಲಪುಟಗಳ ಪ್ರತಿಯನ್ನು ಕಾಪಿಡುವ ವೇಬ್ಯಾಕ್ ಮಷೀನ್ ತಾಣದಲ್ಲಿ ಉಳಿಸಬೇಕು. ಗುತ್ತಿನ ಮನೆಯ (ಊರಿನ ಹಿರಿಯ ಮನೆತನದ) ಕಡತ, ದೈವದ ಪಾಡ್ದನ (ತುಳು ಕಥನಗೀತೆ) ಮುಂತಾದವು ಅಂತರ್ಜಾಲಕ್ಕೆ ಬಂದಿರುವುದು ಬಹಳ ಕಡಿಮೆ. ಯೂಟ್ಯೂಬಿನ ಪಾಡ್ದನವಾದರೆ ಹೇಳಿದವರು ಯಾವ ಊರಿನವರು, ಯಾವಾಗ ಧ್ವನಿಮುದ್ರಿಸಿದ್ದು ಎಂಬುದಿಲ್ಲದೆ ಬಳಸಬಾರದು. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರಕ್ಕೋ ಮಂಗಳೂರಿನ ಬಲ್ಮಠದ ದೇವಶಾಸ್ತ್ರ ಕಾಲೇಜಿನ ದಾಖಲಾಗಾರಕ್ಕೋ ಹೋಗುವಾಗ ಈ ಟಿಪ್ಪಣಿಗಳನ್ನು ಜೊತೆಗೆ ಒಯ್ದರೆ, ‘ಊರಿನ ಬಗ್ಗೆ ಏನಾದರೂ ಇದೆಯೇ’ ಎಂದು ಕೇಳುವ ಬದಲು ಇಂಥ ವರ್ಷದ ಇಂಥ ಪುಸ್ತಕ ಬೇಕೆಂದು ನೇರವಾಗಿ ಕೇಳಬಹುದು.