ನಹಾನಿ ನದಿಯಲ್ಲಿ ಐದು ಕನೂ, ಒಂದು ರಾಫ್ಟ್: ಮೂರನೇ ಸಲಕ್ಕೆ ಕೈಗೂಡಿದ ನನ್ನ ಅನುಭವ

ಕೊನೆಗೂ ಆಯಿತು. 2024ರ ಜುಲೈನಲ್ಲಿ ಎಂಟು ಜನ ಕನ್ನಡದವರನ್ನು ಕರೆದುಕೊಂಡು ಕೆನಡಾದ ಸೌತ್ ನಹಾನಿ ನದಿ ಇಳಿದು ಬಂದೆವು. ರಾಬಿಟ್‌ಕೆಟಲ್ ಕೆರೆಯಿಂದ ಬ್ಲ್ಯಾಕ್‌ಸ್ಟೋನ್ ತನಕ, 300 ಕಿ.ಮೀ.ಗಿಂತ ಜಾಸ್ತಿ, 14 ದಿನ. ಎಂಟರಲ್ಲಿ ಆರು ಜನ ಅದಕ್ಕೆ ಮುಂಚೆ ಕನೂ (ಇಬ್ಬರು ಕೂತು ಪ್ಯಾಡಲ್ ಮಾಡುವ ಕಿರಿದಾದ ದೋಣಿ) ಮುಟ್ಟಿದವರೇ ಅಲ್ಲ. ಐದು ಜನಕ್ಕೆ ಐವತ್ತು ದಾಟಿತ್ತು. ಯಾರಿಗೂ ಏಟಾಗಲಿಲ್ಲ, ಒಂದು ಪ್ಯಾಡಲ್ ಕೂಡ ಕಳೆಯಲಿಲ್ಲ. "ಇದು ಆಗೋ ಮಾತಲ್ಲ, ಹೊಸಬರನ್ನು ಸುಮ್ನೆ ಗಾಳಿ ತುಂಬಿದ ದೊಡ್ಡ ರಾಫ್ಟ್‌ನಲ್ಲಿ ಕೂರಿಸಿಕೊಂಡು ಹೋಗು" ಅಂತ ಎರಡು ವರ್ಷ ಹೇಳಿದವರೇ ಈಗ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಗೈಡ್ ಕೆಲಸ ಕಲಿತದ್ದು ದಾಂಡೇಲಿ ಕಡೆಯ ಕಾಳಿ ನದಿಯಲ್ಲಿ. ಎಡ್ಡಿಗೆ (ಬಂಡೆ, ದಡದ ಮರೆಯಲ್ಲಿ ನೀರು ಹಿಂದಕ್ಕೆ ಸುತ್ತುವ ಶಾಂತ ಜಾಗ) ತಿರುಗೋದು ಹೇಗೆ, ಫೆರಿ ಹೊಡೆಯೋದು (ಸೆಳವಿನಲ್ಲಿ ಕೆಳಗೆ ಜಾರದೆ ಅಡ್ಡ ದಾಟೋದು) ಹೇಗೆ, ಥ್ರೋ ಬ್ಯಾಗ್ (ನೀರಿಗೆ ಬಿದ್ದವರಿಗೆ ಎಸೆಯುವ ಹಗ್ಗದ ಚೀಲ) ಹೇಗೆ ಎಸೀಬೇಕು ಅಂತ ಇಲ್ಲಿ ಬಿಡಿಸಿ ಹೇಳಲ್ಲ. ಕಾಳಿಗೂ ನಹಾನಿಗೂ ಇರೋ ವ್ಯತ್ಯಾಸ ಮಾತ್ರ ಹೇಳುತ್ತೇನೆ. ಕಾಳಿಯಲ್ಲಿ ನೀರಿಗೆ ಬಿದ್ದರೆ ಅರ್ಧ ಗಂಟೆಯಲ್ಲಿ ದಡದಲ್ಲಿ ಚಹಾ ಕುಡಿಯುತ್ತಿರುತ್ತೀರಿ. ನಹಾನಿಯಲ್ಲಿ ರಸ್ತೆಯೇ ಇಲ್ಲ. ಫೋರ್ಟ್ ಸಿಂಪ್ಸನ್ ಅನ್ನೋ ಊರಿನಿಂದ ನೀರಿನ ಮೇಲೆ ಇಳಿಯೋ ವಿಮಾನದಲ್ಲಿ ಹೋಗಬೇಕು, ಆಮೇಲೆ ನದಿಯೇ ದಾರಿ. ನೀರು ಎಷ್ಟು ತಣ್ಣಗಿದೆ ಅಂದರೆ ಐದು ನಿಮಿಷಕ್ಕೆ ಬೆರಳು ಮಾತು ಕೇಳಲ್ಲ.

ಮೊದಲ ಪ್ರಯತ್ನ 2022ರದ್ದು. ಹೊಸಬರು ಅಂತ ಎಲ್ಲರನ್ನೂ ರಾಫ್ಟ್‌ನಲ್ಲೇ ಕೂರಿಸಿ ರಾಬಿಟ್‌ಕೆಟಲ್‌ನಿಂದ ಹೊರಟೆವು. ಅಲ್ಲಿಂದ ವರ್ಜೀನಿಯಾ ಫಾಲ್ಸ್‌ವರೆಗೆ ಸುಮಾರು 118 ಕಿ.ಮೀ. ನದಿ ಸಮನಾಗಿ ಹರಿಯುತ್ತದೆ, ರ‍್ಯಾಪಿಡ್ (ನೀರು ರಭಸದಿಂದ ನುಗ್ಗುವ ಜಾಗ) ಅನ್ನೋ ಹಾಗೆ ಏನೂ ಇಲ್ಲ. ಸೆಳವು ಇದೆ, ಆದರೆ ಮಧ್ಯಾಹ್ನ ಎದುರುಗಾಳಿ ಎದ್ದರೆ ತುಂಬಿದ ರಾಫ್ಟ್ ನಿಂತಲ್ಲೇ ನಿಲ್ಲುತ್ತದೆ. ನಾಲ್ಕು ದಿನ ಅಂದುಕೊಂಡದ್ದು ಆರು ದಿನ ಆಯಿತು. ಹುಟ್ಟು ಹಾಕಿ ಹಾಕಿ ನನ್ನ ಅಂಗೈ ಬೊಬ್ಬೆ ಎದ್ದಿತ್ತು. ಹಿಂದೆ ಬಿದ್ದ ಎರಡು ದಿನ ತುಂಬಿಸಲು ಕೆಳಗಿನ ಕಣಿವೆಗಳನ್ನು ಓಡೋಡಿ ದಾಟಿದೆವು. ಕ್ರೌಸ್ ಬಿಸಿನೀರಿನ ಬುಗ್ಗೆಯಲ್ಲಿ ಇಳಿಯಲೂ ಆಗಲಿಲ್ಲ. ಮೈಸೂರಿನಿಂದ ಬಂದಿದ್ದ ಮೇಷ್ಟ್ರೊಬ್ಬರು ಕೊನೆಗೆ ಹೇಳಿದರು, "ಚೆನ್ನಾಗಿತ್ತಪ್ಪ, ಆದರೆ ನಾವು ಸಾಮಾನಿನ ಹಾಗೆ ಬಂದೆವು." ಆ ಮಾತು ನನಗೆ ಬಹಳ ದಿನ ಕೊರೆಯಿತು. ನದಿಗೆ ಬಂದವರು ನದಿಯನ್ನು ಕೈಯಲ್ಲಿ ಹಿಡಿದು ನೋಡಬೇಕು ಅಲ್ವಾ?

ಅದಕ್ಕೆ 2023ರ ಜುಲೈನಲ್ಲಿ ಎಲ್ಲ ಕನೂ, ರಾಫ್ಟ್ ಇಲ್ಲ. ಮೇಲಿನ ಭಾಗ ಬಂಗಾರದಂತೆ ಹೋಯಿತು. ಮೂರೇ ದಿನಕ್ಕೆ ಎಲ್ಲರಿಗೂ ಹಿಂದೆ ಕೂತು ಚುಕ್ಕಾಣಿ ಹಿಡಿಯೋದು ಬಂತು. ಫಾಲ್ಸ್ ಪಕ್ಕ ದೋಣಿ ಹೊತ್ತು ಇಳಿಸಿ ಫೋರ್ತ್ ಕ್ಯಾನ್ಯನ್ (ನಾಲ್ಕನೇ ಕಣಿವೆ, ಇಲ್ಲಿ ಕಣಿವೆಗಳ ಎಣಿಕೆ ಕೆಳಗಿನಿಂದ ಮೇಲಕ್ಕೆ) ಒಳಗೆ ಹೊಕ್ಕೆವು ನೋಡಿ, ಅಲ್ಲಿ ಕೆಟ್ಟಿತು. ಅಲೆ ದೊಡ್ಡದು, ಗೋಡೆಗೆ ಬಡಿದು ವಾಪಸ್ ಬರೋ ನೀರು ಬೇರೆ. ಮೂರನೇ ಕನೂ ಸ್ಪ್ರೇ ಡೆಕ್ (ನೀರು ಒಳಗೆ ಬರದಂತೆ ಮೇಲೆ ಕಟ್ಟುವ ಹೊದಿಕೆ) ಇದ್ದರೂ ತುಂಬಿ ಮಗುಚಿತು. ಇಬ್ಬರು ನೀರಲ್ಲಿ ಹತ್ತು ನಿಮಿಷ ಇದ್ದಿರಬಹುದು, ನನಗೆ ಅದು ಒಂದು ಗಂಟೆ. ಮೈ ಒದ್ದೆಯಾಗದ ಡ್ರೈ ಸೂಟ್ ಇದ್ದದ್ದಕ್ಕೆ ಬಚಾವು. ಒಂದು ಬ್ಯಾರೆಲ್ ಹೋಯಿತು, ಅದರಲ್ಲೇ ರಾಗಿ ಹಿಟ್ಟು ಮತ್ತು ಕಾಫಿಪುಡಿ ಪೂರ್ತಿ ಇತ್ತು. ಅದಕ್ಕಿಂತ ಕಷ್ಟ ಆದದ್ದು ಮಾರನೇ ದಿನ. ಆ ಇಬ್ಬರೂ ಇನ್ನು ಕನೂ ಹತ್ತಲ್ಲ ಅಂದರು. ಅವರದು ತಪ್ಪಲ್ಲ. ಆದರೆ ಕೂರಿಸೋಕೆ ಬೇರೆ ಜಾಗ ಎಲ್ಲಿದೆ? ಗೈಡ್‌ಗಳ ಮುಂದೆ ಒಬ್ಬೊಬ್ಬರನ್ನು ಕೂರಿಸಿ, ಹೆದರಿಕೆಯಲ್ಲೇ ಉಳಿದ 200 ಕಿ.ಮೀ. ಕಳೆದರು. ಊರಿಗೆ ಬಂದ ಮೇಲೆ ಅವರಿಗೆ ನನ್ನ ಕೈಯಿಂದ ಎರಡು ಸಾವಿರ ಡಾಲರ್ ವಾಪಸ್ ಕೊಟ್ಟೆ. ಆಗಸ್ಟ್‌ನಲ್ಲಿ ಇನ್ನೊಂದು ತಂಡ ಹೊರಡಬೇಕಿತ್ತು. ಅಷ್ಟರಲ್ಲಿ ಆ ಕಡೆಯೆಲ್ಲ ಕಾಡ್ಗಿಚ್ಚು, ಯೆಲ್ಲೋನೈಫ್ ಊರನ್ನೇ ಖಾಲಿ ಮಾಡಿಸಿದರು. ಅದೂ ರದ್ದಾಯಿತು. ಆ ವರ್ಷ ಒಟ್ಟು ಆರೇಳು ಸಾವಿರ ಡಾಲರ್ ಕೈಬಿಟ್ಟಿತು. ನಮ್ಮ ಲೆಕ್ಕದಲ್ಲಿ ನಾಲ್ಕು ಲಕ್ಷ ರೂಪಾಯಿ.

ಚಳಿಗಾಲ ಪೂರ್ತಿ ಇದೇ ಯೋಚನೆ. ರಾಫ್ಟ್ ಬೇಕಾಗಿರೋದು ಫಾಲ್ಸ್‌ನಿಂದ ಕೆಳಗೆ ಮಾತ್ರ. ಕಲಿಯೋಕೆ ಕನೂ ಬೇಕಾಗಿರೋದು ಫಾಲ್ಸ್‌ಗಿಂತ ಮೇಲೆ. ಹಾಗಾದರೆ ರಾಫ್ಟನ್ನು ಮೇಲಿನಿಂದ ಯಾಕೆ ತರಬೇಕು?

ನಮಗೆ ಹೇಗೂ ಎರಡು ವಿಮಾನ ಬೇಕಾಗುತ್ತಿತ್ತು. ಜನಕ್ಕೆ ಒಂದು ಟ್ವಿನ್ ಆಟರ್, ಸಾಮಾನಿಗೆ ಒಂದು ಸಣ್ಣ ಸೆಸ್ನಾ. ಟ್ವಿನ್ ಆಟರ್‌ಗೆ ಏಳು ಸಾವಿರ ಡಾಲರ್ ಆಸುಪಾಸು, ಸೆಸ್ನಾಗೆ ಎರಡೂವರೆ ಅಂತ ನೆನಪು. ನಹಾನಿ ನ್ಯಾಷನಲ್ ಪಾರ್ಕಿನವರನ್ನು ಕೇಳಿ ಒಪ್ಪಿಗೆ ಪಡೆದು, ಸೆಸ್ನಾದಲ್ಲಿ ರಾಫ್ಟ್, ಫ್ರೇಮ್, ಹುಟ್ಟು ಮಾತ್ರ ತುಂಬಿ ಫಾಲ್ಸ್ ಮೇಲಿನ ದಡದಲ್ಲಿ ಇಳಿಸಿ ಅಲ್ಲಿಂದಲೇ ವಾಪಸ್ ಕಳಿಸಿದೆ. ದೂರ ಕಡಿಮೆ ಆದ್ದರಿಂದ ಸುಮಾರು 600 ಡಾಲರ್ ಉಳಿಯಿತು ಕೂಡ. ಊಟದ ಸಾಮಾನು ಒಂದು ಕಾಳೂ ಅಲ್ಲಿ ಇಡಲಿಲ್ಲ, ಕರಡಿ ಇದೆ. ಆದರೆ ಮುಳ್ಳುಹಂದಿಯನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬೆವರಿನ ಉಪ್ಪಿಗೆ ಅದು ಬಂದು ಎರಡು ಹುಟ್ಟಿನ ಹಿಡಿ ಮತ್ತು ಒಂದು ಪಟ್ಟಿ ಕಡಿದು ಹಾಕಿತ್ತು. ಇಡುವ ಮುಂಚೆ ಹಿಡಿಗಳನ್ನು ಸೋಪು ಹಾಕಿ ತೊಳೆದು ಮೇಲೆ ತೂಗುಹಾಕಿ.

ಎರಡನೇ ಬದಲಾವಣೆ ಕನೂಗಳದ್ದು. ಐದೂ ಮಡಚುವ ಕನೂ ತೆಗೆದುಕೊಂಡೆ. ಬಟ್ಟೆ ದೋಣಿ ಕಲ್ಲಿಗೆ ಹರಿಯುತ್ತದೆ ಅಂತ ತಕರಾರು ಬಂತು. ಹಳೆಯವು ಎರಡು ಬಾಡಿಗೆಗೆ ಸಿಕ್ಕವು, ಮೂರು ಸೆಕೆಂಡ್ ಹ್ಯಾಂಡ್ ಕೊಂಡೆ, ಒಂದಕ್ಕೆ 1,400 ಡಾಲರ್ ತನಕ ಬಿತ್ತು. ಕೆರೆ ದಡದಲ್ಲಿ ಜೋಡಿಸಲು ಅರ್ಧ ದಿನ ಹೋಯಿತು, ಸೊಳ್ಳೆ ಕಾಟದಲ್ಲಿ. ಆದರೆ ಲಾಭ ಎಲ್ಲಿದೆ ಅಂದರೆ, ಫಾಲ್ಸ್ ದಾಟಿದ ಮೇಲೆ ಬೇಡವಾದ ಎರಡನ್ನು ಮಡಚಿ ಚೀಲಕ್ಕೆ ಹಾಕಿ ರಾಫ್ಟಿಗೆ ಕಟ್ಟಿದೆ. ಮತ್ತೆ ಬೇಕಾದಾಗ ಬಿಚ್ಚಿದೆ. ಇಡೀ ಉಪಾಯದ ಬೀಗದ ಕೈ ಅದೇ.

ಮೇಲಿನ ನಾಲ್ಕು ದಿನ ಪಾಠ. ದಿನಕ್ಕೆ 30 ಕಿ.ಮೀ., ಬೆಳಿಗ್ಗೆ ಬೇಗ ಹೊರಟು ಗಾಳಿ ಏಳುವ ಮುಂಚೆ ದಡ ಸೇರೋದು. ಜುಲೈನಲ್ಲಿ ಅಲ್ಲಿ ಸರಿಯಾಗಿ ಕತ್ತಲೆಯೇ ಆಗಲ್ಲ, ಊಟ ಮಾಡಿ ರಾತ್ರಿ ಒಂಬತ್ತಕ್ಕೂ ಎಡ್ಡಿಗೆ ತಿರುಗಿಸೋದು ಅಭ್ಯಾಸ ಮಾಡಿಸಿದೆ. ಒಬ್ಬೊಬ್ಬರಿಂದ ನಲವತ್ತು ಐವತ್ತು ಸಲ. ಹೊರಡುವ ಮುಂಚೆ ರಾಬಿಟ್‌ಕೆಟಲ್‌ನ ಸುಣ್ಣದ ದಿಬ್ಬ ನೋಡಲು ಪಾರ್ಕಿನವರೇ ಕರೆದುಕೊಂಡು ಹೋದರು. ಬಿಸಿ ಬುಗ್ಗೆಯ ನೀರು ಸಾವಿರಾರು ವರ್ಷ ಹರಿದು ಕಟ್ಟಿದ ಮೆಟ್ಟಿಲು ಅದು. ಬರಿಗಾಲಲ್ಲೇ ಹತ್ತಬೇಕು. ನಮ್ಮವರು ಹೇಳುವ ಮುಂಚೆಯೇ ಚಪ್ಪಲಿ ಬಿಟ್ಟಿದ್ದರು.

ವರ್ಜೀನಿಯಾ ಫಾಲ್ಸ್ 96 ಮೀಟರ್, ನಯಾಗರಾದ ಹತ್ತಿರ ಹತ್ತಿರ ಎರಡರಷ್ಟು. ಜೋಗದ ಎತ್ತರ ಇಲ್ಲ ನಿಜ, ಆದರೆ ಇಡೀ ನದಿ ಒಂದು ಬಂಡೆಯ ಎರಡು ಪಕ್ಕದಲ್ಲಿ ಒಟ್ಟಿಗೆ ಬೀಳುತ್ತದೆ. ಅದರ ಪಕ್ಕ ಒಂದೂಕಾಲು ಕಿ.ಮೀ. ಮೇಲೆ ಎಲ್ಲವನ್ನೂ ಹೊರಬೇಕು. ಮೊದಲು ಹಲಗೆ ದಾರಿ, ಆಮೇಲೆ ಕಡಿದಾದ ಇಳಿಜಾರು. ಗಾಳಿ ತೆಗೆದು ಸುತ್ತಿದ 14 ಅಡಿಯ ರಾಫ್ಟ್ 60 ಕೆ.ಜಿ. ಇರಬೇಕು. 2022ರಲ್ಲಿ ಅದನ್ನು ಬೆನ್ನ ಮೇಲೆ ಹೊರಲು ಹೋಗಿ ನನ್ನ ಜೊತೆ ಗೈಡ್‌ನ ಸೊಂಟ ಹಿಡಿದಿತ್ತು. ಈ ಸಲ ಫ್ರೇಮಿನ ಎರಡು ಉದ್ದ ಪೈಪಿಗೆ ಅದನ್ನು ಕಟ್ಟಿ, ನಾಲ್ಕು ಜನ ಹೆಗಲು ಕೊಟ್ಟು, ಜಾತ್ರೆಯಲ್ಲಿ ಪಲ್ಲಕ್ಕಿ ಹೊರುವ ಹಾಗೆ ತಂದೆವು. ಹಾಸನದವರೊಬ್ಬರು ಪಲ್ಲಕ್ಕಿ ಹೊತ್ತು ಅನುಭವ ಇದ್ದವರು, ಇಳಿಜಾರಿನಲ್ಲಿ ಮುಂದಿನವರು ಹೆಗಲು ಎತ್ತರ ಮಾಡಬೇಕು ಅಂತ ಕಲಿಸಿದ್ದು ಅವರೇ. ಒಟ್ಟು ಒಂದು ದಿನ, ಒಬ್ಬೊಬ್ಬರು ನಾಲ್ಕೈದು ಸಲ ನಡೆದೆವು.

ಫೋರ್ತ್ ಕ್ಯಾನ್ಯನ್ನಿಗೆ ನಾಲ್ಕು ಜನ ರಾಫ್ಟ್ ಆರಿಸಿಕೊಂಡರು, ನಾಲ್ಕು ಜನ ಎರಡು ಕನೂ. ನಾನು ರಾಫ್ಟ್‌ನಲ್ಲಿ, ಇನ್ನೊಬ್ಬ ಗೈಡ್ ಒಂಟಿ ಕನೂನಲ್ಲಿ ಕೊನೆಗೆ. ಊಟದ ಬ್ಯಾರೆಲ್, ಟೆಂಟು, ಎಲ್ಲ ಭಾರ ರಾಫ್ಟಿಗೆ. ಖಾಲಿ ಕನೂ ಅಲೆಯ ಮೇಲೆ ಬೆಂಡಿನ ಹಾಗೆ ಏಳುತ್ತದೆ, ತುಂಬಿದ ಕನೂ ಅಲೆಯ ಒಳಗೆ ಹೊಕ್ಕುತ್ತದೆ. 2023ರಲ್ಲಿ ನಾವು ಸೋತದ್ದು ಅಲ್ಲೇ. ರಾಫ್ಟ್ ಮೊದಲು ಹೋಗಿ ಕೆಳಗಿನ ಎಡ್ಡಿಯಲ್ಲಿ ನಿಲ್ಲಬೇಕು, ಥ್ರೋ ಬ್ಯಾಗ್ ಕೈಯಲ್ಲಿ ಹಿಡಿದು ಇಬ್ಬರು ಕಾಯಬೇಕು, ಆಮೇಲೆ ಒಂದೊಂದೇ ಕನೂ. ಒಂದರಲ್ಲಿ ಅರ್ಧ ಬಕೆಟ್ ನೀರು ಬಂತು, ಅಷ್ಟೇ. ಫಿಗರ್ ಏಯ್ಟ್ ರ‍್ಯಾಪಿಡ್‌ನಲ್ಲಿ ಮಾತ್ರ ನಾನು ಎಲ್ಲರನ್ನೂ ಇಳಿಸಿ ನೋಡಿಸಿ, ಒಂದು ಜೋಡಿಯನ್ನು ರಾಫ್ಟಿಗೆ ಹತ್ತಿಸಿಕೊಂಡೆ. ಅವರ ಕನೂ ನನ್ನ ಜೊತೆ ಗೈಡ್ ತಂದ, ಅವನ ಕನೂ ದಡದಲ್ಲಿ ಇಟ್ಟು ನಡೆದು ಹೋಗಿ ಎರಡನೇ ಸಲ ತಂದ. ಎರಡು ಗಂಟೆ ಹೋಯಿತು, ಹೋಗಲಿ.

ರಾಫ್ಟ್‌ಗೂ ಕನೂಗೂ ವೇಗ ಹೊಂದಲ್ಲ ಅನ್ನೋರಿಗೆ ನನ್ನ ಉತ್ತರ: ಕಣಿವೆಯೊಳಗೆ ಸೆಳವು ಇಬ್ಬರನ್ನೂ ಒಂದೇ ಸಮ ಒಯ್ಯುತ್ತದೆ. ತೊಂದರೆ ಇರೋದು ಕೊನೆಗೆ, ನದಿ ಹತ್ತಾರು ಕವಲಾಗಿ ಹರಡುವ ಸ್ಪ್ಲಿಟ್ಸ್‌ನಲ್ಲಿ. ಅಲ್ಲಿ ಗಾಳಿಗೆ ರಾಫ್ಟ್ ಸೋಲುತ್ತದೆ. ಐದೂ ಕನೂ ಮತ್ತೆ ಜೋಡಿಸಿ ರಾಫ್ಟನ್ನು ಎಳೆಸಿದೆ. ಹಗ್ಗ ಎಲ್ಲಿಗೆ ಕಟ್ಟಿದರೆ ಕನೂ ಅಡ್ಡ ತಿರುಗಲ್ಲ ಅನ್ನೋದನ್ನು ಇಲ್ಲಿ ಬರೆಯಲ್ಲ. ಎರಡು ವರ್ಷದ ದುಡ್ಡು ಕೊಟ್ಟು ಕಲಿತದ್ದು. ನನ್ನ ಜೊತೆ ಒಂದು ಸಲ ಬನ್ನಿ, ತೋರಿಸುತ್ತೇನೆ.

ನೀರಿನ ವಿಷಯ. ಮಳೆ ಬಂದರೆ ನಹಾನಿ ಕೆಸರು, ಫಿಲ್ಟರ್ ಎರಡು ಲೀಟರಿಗೆ ಕಟ್ಟಿಕೊಳ್ಳುತ್ತದೆ. ನಮ್ಮಜ್ಜಿ ಕೊಳದ ನೀರಿಗೆ ಪಟಿಕ ಆಡಿಸುತ್ತಿದ್ದದ್ದು ನೆನಪಾಗಿ ಒಂದು ತುಂಡು ತಂದಿದ್ದೆ. ಬಕೆಟ್ಟಿನಲ್ಲಿ ಒಂದೆರಡು ಸುತ್ತು ಆಡಿಸಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಮೇಲಿನ ನೀರು ತಿಳಿ. ಆಮೇಲೆ ಫಿಲ್ಟರ್, ಆಮೇಲೆ ಕುದಿಸೋದು. ಅದೇ ಫಿಲ್ಟರ್ 14 ದಿನ ಬಂತು. ಹುಳಿಯನ್ನು ಮನೆಯಲ್ಲೇ ಮಾಡಿ ಡ್ರೈಯರ್‌ನಲ್ಲಿ ಒಣಗಿಸಿ ಪುಡಿ ಮಾಡಿದ್ದೂ ಗೆದ್ದಿತು. ತೆಂಗಿನಕಾಯಿ ಹಾಕಬೇಡಿ, ಜಿಡ್ಡು ವಾಸನೆ ಬರುತ್ತದೆ. ಮುದ್ದೆ ಮಾತ್ರ ಎರಡು ಸಲ ಗಂಟಾಯಿತು, ಗಾಳಿಗೆ ಬೆಂಕಿ ನಿಲ್ಲಲ್ಲ. ಮೂರನೇ ಸಲ ಮಗುಚಿಟ್ಟ ಕನೂ ಮರೆಯಲ್ಲಿ ಮಾಡಿ ಸರಿಹೋಯಿತು.

ದಿ ಗೇಟ್ ಅನ್ನೋ ಜಾಗದ ಹತ್ತಿರ ಮಲಗಿದ ರಾತ್ರಿ ಮಳೆ ಹೊಡೆದು ನದಿ ಒಂದು ಮೊಳಕ್ಕಿಂತ ಜಾಸ್ತಿ ಏರಿತು. ನೀರಿನಂಚಿಗೆ ಕೋಲು ನೆಟ್ಟು ಎರಡು ಗಂಟೆಗೊಮ್ಮೆ ಎದ್ದು ನೋಡುತ್ತಿದ್ದೆ, ಇಲ್ಲದಿದ್ದರೆ ಎರಡು ದೋಣಿ ಹೋಗುತ್ತಿದ್ದವು.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಸೆಕೆಂಡ್ ಕ್ಯಾನ್ಯನ್. ರಾಫ್ಟ್ ಆರಿಸಿಕೊಂಡಿದ್ದ ನಾಲ್ವರಲ್ಲಿ ಮೂವರು ಅಲ್ಲಿಗೆ ಬರುವಷ್ಟರಲ್ಲಿ ತಾವಾಗಿಯೇ ಕನೂ ಕೇಳಿದರು. ತುಮಕೂರಿನ ಅಕ್ಕ ಒಬ್ಬರಿಗೆ 61 ವರ್ಷ, ಈಜು ಬರಲ್ಲ. "ಬೇಡ ಅನ್ನಿಸಿದರೆ ವಾಪಸ್ ಹತ್ತಿಸಿಕೋತೀರಲ್ಲಪ್ಪ?" ಅಂದರು. ಹೂಂ ಅಂದೆ. ಮುಂದೆ ಕೂತು ಪೂರ್ತಿ ಕಣಿವೆ ಪ್ಯಾಡಲ್ ಮಾಡಿದರು. ಡೆಡ್‌ಮೆನ್ ವ್ಯಾಲಿಯಲ್ಲಿ ಒಂದು ರಾತ್ರಿ ತಂಗಿ, ಜಾರ್ಜಸ್ ರಿಫಲ್ ಅನ್ನೋ ಅಲೆಯ ಜಾಗ ಒಂದಕ್ಕೆ ಮಾತ್ರ ರಾಫ್ಟ್ ಹತ್ತಿ, ಮತ್ತೆ ಕನೂಗೆ ಇಳಿದು, ಸಾವಿರ ಮೀಟರ್ ಗೋಡೆಯ ಫಸ್ಟ್ ಕ್ಯಾನ್ಯನ್ ದಾಟಿ ಕ್ರೌಸ್ ಬುಗ್ಗೆಯವರೆಗೆ ಬಂದರು. ಅಲ್ಲಿ ಗಂಧಕದ ವಾಸನೆಯ ಬೆಚ್ಚನೆ ನೀರಲ್ಲಿ ಎಲ್ಲರೂ ಎರಡು ಗಂಟೆ ಕೂತೆವು.

ಲೆಕ್ಕ: ತಲೆಗೆ 5,800 ಡಾಲರ್ ತೆಗೆದುಕೊಂಡಿದ್ದೆ, ಎಲ್ಲ ಕಳೆದು ನನಗೆ ಮೂರು ಸಾವಿರದ ಚಿಲ್ಲರೆ ಉಳಿಯಿತು. ಮುಂದಿನ ಸಲ ಹುಟ್ಟು ಇನ್ನೊಂದು ಜಾಸ್ತಿ ಒಯ್ಯುತ್ತೇನೆ, ಮತ್ತು ಪೈಪಿಗೆ ಹೆಗಲ ಮೇಲೆ ಹಾಕೋ ಸ್ಪಂಜು. ತುಮಕೂರಿನ ಅಕ್ಕ ಈಗಾಗಲೇ ತಮ್ಮ ತಂಗಿಯ ಹೆಸರನ್ನೂ ಸೇರಿಸಿ ಎರಡು ಸೀಟು ಹೇಳಿಟ್ಟಿದ್ದಾರೆ.