ಮಂಗಳೂರಿನಿಂದ ಕಾರವಾರ: ಇಬ್ಬರು, ಒಂದು ಕಾರು, ಆರು ದಿನ

ಮಂಗಳೂರಿನಿಂದ ಕಾರವಾರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 270 ಕಿಲೋಮೀಟರ್. ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೆ ಮಧ್ಯಾಹ್ನದ ಊಟ ಅಲ್ಲೇ ಮಾಡಬಹುದು. ನಾವಿಬ್ಬರು ಇದಕ್ಕೆ ಆರು ದಿನ ಇಟ್ಟುಕೊಳ್ಳುತ್ತೇವೆ. ಅಷ್ಟು ದಿನ ಏನು ಮಾಡುತ್ತೀರಿ ಅಂದರೆ, ಹೆದ್ದಾರಿಯನ್ನು ಆದಷ್ಟೂ ಹೊಳೆ ದಾಟಲಿಕ್ಕೆ ಮಾತ್ರ ಬಳಸುತ್ತೇವೆ. ಮಿಕ್ಕಿದ್ದೆಲ್ಲ ಅದರ ಪಡುಬದಿಯ ಊರದಾರಿ.

ಇದಕ್ಕೊಂದು ಕಾರಣ ಇದೆ. ಘಟ್ಟದಿಂದ ಇಳಿಯುವ ಹೊಳೆಗಳಲ್ಲಿ ಹಲವು ನೇರವಾಗಿ ಕಡಲಿಗೆ ಬೀಳುವುದಿಲ್ಲ. ದಡದ ಹತ್ತಿರ ಬಂದು ತಿರುಗಿ, ಕಡಲಿಗೆ ಸಮಾನಾಂತರವಾಗಿ ಸ್ವಲ್ಪ ದೂರ ಹರಿದು, ಆಮೇಲೆ ಅಳಿವೆಯಲ್ಲಿ ಸೇರುತ್ತವೆ. ಹೊಳೆಗೂ ಕಡಲಿಗೂ ನಡುವೆ ಉಳಿಯುವ ಮರಳಿನ ಪಟ್ಟಿಯೇ ಬೆಂಗ್ರೆ. ಈ ಕರಾವಳಿಯ ಚೆಂದವೆಲ್ಲ ಇಂಥ ಪಟ್ಟಿಗಳ ಮೇಲಿದೆ: ಸಸಿಹಿತ್ಲು, ಪಡುಕೆರೆ, ಕೋಡಿ ಬೆಂಗ್ರೆ, ಕುಂದಾಪುರದ ಕೋಡಿ. ಆದರೆ ಬೆಂಗ್ರೆಯ ದಾರಿ ಹೆಚ್ಚಾಗಿ ಅಳಿವೆಯಲ್ಲಿ ಮುಗಿಯುತ್ತದೆ, ಬಂದ ದಾರಿಯಲ್ಲೇ ವಾಪಸ್ ಬರಬೇಕು. ಮೊಬೈಲಿನ ಮ್ಯಾಪು ಕೆಲವೊಮ್ಮೆ ದೋಣಿ ದಾಟುವ ಜಾಗವನ್ನೂ ರಸ್ತೆಯ ಹಾಗೆ ತೋರಿಸಿ ‘ಇನ್ನು 4 ಕಿಲೋಮೀಟರ್’ ಅನ್ನುತ್ತದೆ. ದಾರಿಯ ಗೆರೆ ನೀಲಿ ನೀರಿನ ಮೇಲೆ ಹಾದಿದ್ದರೆ ಅಲ್ಲಿ ಸೇತುವೆ ಇದೆಯೋ ಇಲ್ಲವೋ ಎಂದು ಉಪಗ್ರಹ ಚಿತ್ರಕ್ಕೆ ಬದಲಿಸಿ ನೋಡಿಕೊಂಡೇ ಹೊರಡಿ.

ಹೆಚ್ಚಿನ ದಿನಗಳಲ್ಲಿ ಹೆದ್ದಾರಿಯ ಓಟ 60–70 ಕಿಲೋಮೀಟರ್ ಮೀರಬಾರದು. ಒಳದಾರಿಗಳೆಲ್ಲ ಸೇರಿ ಒಟ್ಟು 400ರಿಂದ 450 ಆಗುತ್ತದೆ.

ದಕ್ಷಿಣದಿಂದ ಉತ್ತರಕ್ಕೇ ಹೋಗಿ. ನಾವು ಎಡಬದಿಯಲ್ಲಿ ಓಡಿಸುವವರು, ಉತ್ತರಕ್ಕೆ ಮುಖ ಮಾಡಿದರೆ ಕಡಲೂ ಎಡಕ್ಕೇ ಬರುತ್ತದೆ. ಕಂಡಕಂಡಲ್ಲಿ ಹೆದ್ದಾರಿ ಅಡ್ಡ ದಾಟದೆ ಕಡಲ ಬದಿಯಲ್ಲೇ ಇಳಿಯಬಹುದು. ಇದಕ್ಕೆ ತೆರಬೇಕಾದ ಬೆಲೆ ಎಡಸೀಟಿನವರದ್ದು: ಮಧ್ಯಾಹ್ನ ಎರಡರ ನಂತರ ಬಿಸಿಲು ಪೂರ್ತಿ ಆ ಕಡೆಗೆ. ಎಡಗಿಟಕಿಗೆ ಒಂದು ಹತ್ತಿಯ ಬೈರಾಸು (ಟವೆಲು) ಸಿಕ್ಕಿಸಿಕೊಳ್ಳಿ, ಇಲ್ಲವೇ ಇಬ್ಬರಿಗೂ ಓಡಿಸಲಿಕ್ಕೆ ಬರುವುದಾದರೆ ಊಟದ ನಂತರ ಸೀಟು ಬದಲಾಯಿಸಿ.

ಹೊತ್ತು ಗೊತ್ತು ಮಾಡುವಾಗ ನಾವು ರಜೆಯ ಪಟ್ಟಿಗಿಂತ ಮೊದಲು ಪಂಚಾಂಗ ನೋಡುತ್ತೇವೆ. ಈ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಸುಮಾರಾಗಿ ಸಂಜೆ ಐದು–ಆರರ ಹೊತ್ತಿಗೆ ಇಳಿತ ಇರುತ್ತದೆ. ದಡ ಅಗಲವಾಗಿ ಬಿಚ್ಚಿಕೊಂಡಿರುತ್ತದೆ, ಗಟ್ಟಿ ಒದ್ದೆ ಮರಳಿನ ಮೇಲೆ ಸೂರ್ಯ ಮುಳುಗುವವರೆಗೂ ನಡೆಯಬಹುದು. ಅಷ್ಟಮಿಯ ಹೊತ್ತಿಗೆ ಇದು ತಿರುಗುಮುರುಗು. ಅದೇ ಸಮಯಕ್ಕೆ ಭರತ ಬಂದು, ಕಡಲ್ಕೊರೆತ ತಡೆಯಲು ಹಾಕಿದ ಕಲ್ಲುಗಳ ಮೇಲೆ ಕೂತು ನೋಡುವುದಷ್ಟೇ. ದಿನದಿಂದ ದಿನಕ್ಕೆ ಭರತ–ಇಳಿತ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆಗೆ ಎರಡು ದಿನ ಮೊದಲು ಹೊರಟರೆ ಪ್ರವಾಸದ ಹೆಚ್ಚಿನ ಸಂಜೆಗಳು ಇಳಿತದಲ್ಲೇ ಸಿಗುತ್ತವೆ. ತಿಂಗಳು ನವೆಂಬರಿನಿಂದ ಫೆಬ್ರವರಿ. ಡಿಸೆಂಬರಿನಲ್ಲಿ ಆರು ಕಳೆದು ಐದ್ಹತ್ತು ನಿಮಿಷಕ್ಕೆ ಸೂರ್ಯ ಮುಳುಗುತ್ತಾನೆ, ಆದ್ದರಿಂದ ಐದಕ್ಕೆ ಸಾಮಾನು ಇಳಿಸಿ ಆಗಿರಬೇಕು. ಸಮ ವರ್ಷಗಳ ಜನವರಿ 18ಕ್ಕೆ ಉಡುಪಿಯಲ್ಲಿ ಪರ್ಯಾಯ, ಶಿವರಾತ್ರಿಗೆ ಗೋಕರ್ಣದಲ್ಲಿ ರಥೋತ್ಸವ. ಅದನ್ನೇ ನೋಡಲು ಹೋಗುವವರಲ್ಲದಿದ್ದರೆ ಆ ವಾರ ಬಿಡಿ, ರೂಮು ಸಿಗುವುದಿಲ್ಲ.

ಮೊದಲ ದಿನ ಮಂಗಳೂರಿನಿಂದ ಕಾಪು, ಹೆದ್ದಾರಿಯಲ್ಲಿ 45 ಕಿಲೋಮೀಟರ್ ಅಷ್ಟೆ. ಮುಕ್ಕದಲ್ಲಿ ಎಡಕ್ಕೆ ತಿರುಗಿ ಸಸಿಹಿತ್ಲಿಗೆ ಹೋದರೆ ನಂದಿನಿ, ಶಾಂಭವಿ ಎರಡೂ ಒಟ್ಟಾಗಿ ಕಡಲು ಸೇರುವುದು ಕಾಣುತ್ತದೆ. ಅಳಿವೆಯ ಬಾಯಲ್ಲಿ ನೀರಿಗಿಳಿಯಬೇಡಿ. ಇಳಿತದ ಹೊತ್ತಿಗೆ ಹೊಳೆಯ ನೀರೂ ಭರತದ ನೀರೂ ಒಟ್ಟಿಗೆ ಹೊರಗೆಳೆಯುತ್ತವೆ, ಮೊಣಕಾಲಿನಷ್ಟು ಆಳದಲ್ಲೇ ಕಾಲಡಿಯ ಮರಳು ಜಾರುತ್ತದೆ. ನೀರಿಗಿಳಿಯಲು ಇದೇ ದಾರಿಯಲ್ಲಿ ಪಡುಬಿದ್ರಿ ಇದೆ. ಸ್ವಚ್ಛ, ಸುರಕ್ಷಿತ ದಡಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆ 2020ರಲ್ಲಿ ಸಿಕ್ಕಿದ ದಡ. ಕಾಪುವಿನ ದೀಪಸ್ತಂಭ 1901ರದ್ದು, ಬಂಡೆಯ ಮೇಲೆ ನಿಂತಿದೆ. ಮೇಲಕ್ಕೆ ಬಿಡುವುದು ಸಾಮಾನ್ಯವಾಗಿ ಸಂಜೆ ಮಾತ್ರ.

ಕಾಪುವಿನಿಂದ ಮಲ್ಪೆಗೆ ಹೆದ್ದಾರಿ ಹಿಡಿದರೆ ನಷ್ಟ ನಿಮ್ಮದೇ. ಕೈಪುಂಜಾಲು, ಮಟ್ಟು, ಪಡುಕೆರೆ ಅಂತ ದಡದಲ್ಲೇ ದಾರಿ ಇದೆ, ಪಡುಕೆರೆಯ ಕೊನೆಗೆ ಸೇತುವೆ ದಾಟಿದರೆ ಮಲ್ಪೆ ಬಂದರು. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ಎರಡು ಕಾರು ಕಷ್ಟದಲ್ಲಿ ಹಾಯುವಷ್ಟು ರಸ್ತೆ. ಗಂಟೆಗೆ 25ರ ಮೇಲೆ ಓಡಿಸಬೇಡಿ. ಬಲೆ ಹರಡಿರುತ್ತಾರೆ, ಮೀನು ಒಣಗಿಸಿರುತ್ತಾರೆ, ಬಾಗಿಲು ತೆರೆದರೆ ನೇರ ರಸ್ತೆಗೇ ಕಾಲಿಡುವ ಮನೆಗಳಿವೆ. ಮಳೆಗಾಲ ಕಳೆದ ಮೇಲೆ ಮಟ್ಟುವಿನ ಗದ್ದೆಗಳಲ್ಲಿ ಗುಳ್ಳ ಬೆಳೆಯುತ್ತಾರೆ. ಬಿಳಿ ಗೆರೆಯ ಈ ಹಸಿರು ಗುಂಡು ಬದನೆ ನಾಲ್ಕು ದಿನ ಕಾರಿನಲ್ಲಿ ಕೆಡದೆ ಉಳಿಯುತ್ತದೆ. ಕಟಪಾಡಿಯ ಮೂಡು ಬದಿಗೆ ಸಿಗುವ ಶಂಕರಪುರ ಮಲ್ಲಿಗೆಯ ಊರು. ಅಲ್ಲಿ ಹೂವಿನ ಲೆಕ್ಕ ಮೊಳದಲ್ಲಲ್ಲ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮುಡಿಯಲಿಕ್ಕೆ ಒಂದು ಚೆಂಡು ಧಾರಾಳ. ಬಾಳೆನಾರಿನ ಕಟ್ಟು ಬಿಚ್ಚದೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಸಂಜೆಯವರೆಗೆ ಬಾಡುವುದಿಲ್ಲ. ಡ್ಯಾಶ್‌ಬೋರ್ಡಿನ ಮೇಲಿಟ್ಟರೆ ಅರ್ಧ ಗಂಟೆಗೆ ಕಂದುತ್ತದೆ.

ಇಂಥ ದಾರಿಗಳಲ್ಲೇ ಕಾರು ಮರಳಿನಲ್ಲಿ ಹೂತುಹೋಗುವುದು. ದಡಕ್ಕೆ ಕಾರು ಇಳಿಸಿ ಹೂತವರು ಕಡಿಮೆ, ಎದುರಿಗೆ ಬಂದ ಬಸ್ಸಿಗೆ ಜಾಗ ಕೊಡಲು ಎಡಚಕ್ರ ರಸ್ತೆಯಿಂದ ಇಳಿಸಿ ಹೂತವರೇ ಹೆಚ್ಚು. ಮೇಲೆ ಹುಲ್ಲು ಕಾಣುತ್ತದೆ, ಕೆಳಗೆ ಪೂರ್ತಿ ಸಕ್ಕರೆಯಂಥ ಮರಳು. ಚಕ್ರ ತಿರುಗಿಯೂ ಕಾರು ಕದಲದಿದ್ದರೆ ತಕ್ಷಣ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಎರಡನೇ ಸಲ ಜೋರಾಗಿ ಒತ್ತಿದರೆ ಕಾರು ಹೊಟ್ಟೆಯ ಮೇಲೆ ಕೂತು, ಆಮೇಲೆ ಜೀಪು ಕರೆಸದೆ ಬೇರೆ ದಾರಿ ಇರುವುದಿಲ್ಲ. ಸಣ್ಣ ಕಾರುಗಳಲ್ಲಿ ಎಳೆಯುವುದು ಮುಂದಿನ ಚಕ್ರ, ಆದ್ದರಿಂದ ಅದರ ಎರಡೂ ಬದಿಯ ಮರಳನ್ನು ಇಳಿಜಾರಾಗಿ ಕೆರೆದು ತೆಗೆಯಿರಿ. ನಾಲ್ಕೂ ಚಕ್ರದ ಗಾಳಿಯನ್ನು 32ರಿಂದ 18 ಪಿಎಸ್‌ಐಗೆ ಇಳಿಸಿ; ಟಯರು ಚಪ್ಪಟೆಯಾಗಿ ಮರಳಿನ ಮೇಲೆ ಹೆಚ್ಚು ಅಗಲಕ್ಕೆ ಕೂರುತ್ತದೆ. ಕಾಲಡಿಯ ರಬ್ಬರ್ ಮ್ಯಾಟನ್ನು ಉಬ್ಬುಗೆರೆ ಮೇಲೆ ಬರುವಂತೆ ಚಕ್ರಕ್ಕೆ ಒತ್ತಿ ಹಾಸಿ, ಬಂದ ಗೆರೆಯಲ್ಲೇ ರಿವರ್ಸ್ ತೆಗೆಯಿರಿ, ಸ್ಟಿಯರಿಂಗ್ ನೇರ ಇರಲಿ. ಮರಳು ಅಲ್ಲಿ ಆಗಲೇ ಒತ್ತಿ ಗಟ್ಟಿಯಾಗಿರುತ್ತದೆ. ತಳ್ಳುವವರು ಮ್ಯಾಟಿನ ನೇರಕ್ಕೆ ನಿಲ್ಲಬಾರದು, ಅದು ಸಿಡಿದು ಹಾರುತ್ತದೆ. ಹೊರಗೆ ಬಂದ ಮೇಲೆ ಗಾಳಿ ತುಂಬದೆ ಹೆದ್ದಾರಿಗೆ ಹೋಗಬೇಡಿ, ಕಡಿಮೆ ಗಾಳಿಯ ಟಯರು ವೇಗದಲ್ಲಿ ಬಿಸಿಯಾಗಿ ಒಡೆಯುತ್ತದೆ. ಡಿಕ್ಕಿಯಲ್ಲಿ 12 ವೋಲ್ಟಿನ ಪಂಪು, ಗಾಳಿ ಅಳೆಯುವ ಗೇಜು, ಕೈಹಾರೆ, ಐದು ಲೀಟರಿನ ಎರಡು ನೀರಿನ ಕ್ಯಾನು ಇದ್ದರೆ ಸಾಕು. ನೀರು ಕುಡಿಯಲಿಕ್ಕಲ್ಲ, ಕಾಲು ತೊಳೆಯಲಿಕ್ಕೆ ಮತ್ತು ಗಾಜಿಗೆ. ಉಪ್ಪುಗಾಳಿ ಕೂತ ಗಾಜಿನ ಮೇಲೆ ಒಣ ವೈಪರ್ ಹಾಕಿದರೆ ಎದುರಿನ ಬೆಳಕಿಗೆ ಏನೂ ಕಾಣುವುದಿಲ್ಲ.

ಇನ್ನೊಂದು ಮಾತು, ಇಬ್ಬರೇ ಹೋಗುವವರಿಗೆ. ಬಟನ್ ಕೀ ಜೇಬಿನಲ್ಲಿಟ್ಟುಕೊಂಡು ನೀರಿಗಿಳಿದರೆ ಉಪ್ಪುನೀರು ಅದನ್ನು ಅಲ್ಲೇ ಕೊಲ್ಲುತ್ತದೆ. ಎರಡನೇ ಕೀ ಮನೆಯಲ್ಲಿ ಬಿಟ್ಟು ಬರಬೇಡಿ. ಒಬ್ಬರು ನೀರಿಗೆ, ಕೀ ಇರುವವರು ದಡದಲ್ಲಿ.

ಎರಡನೇ ದಿನ ಬೆಳಿಗ್ಗೆ ಮಲ್ಪೆಯಿಂದ ಮೊದಲ ಬೋಟಿಗೇ ಸೇಂಟ್ ಮೇರೀಸ್ ದ್ವೀಪ. ಲಾವಾ ತಣಿಯುವಾಗ ಸೀಳಿ ಕಂಬಗಳಾಗಿ ನಿಂತ ಬಂಡೆಗಳು ಹತ್ತು ಗಂಟೆಯ ನಂತರ ಜನರ ಬೆನ್ನ ಹಿಂದೆ ಮರೆಯಾಗುತ್ತವೆ. ಆಮೇಲೆ ಹೂಡೆಯ ದಾರಿಯಾಗಿ ಕೋಡಿ ಬೆಂಗ್ರೆ. ಸ್ವರ್ಣಾ, ಸೀತಾ ಎರಡೂ ಅಲ್ಲಿ ಕಡಲು ಸೇರುತ್ತವೆ. ಹಿಂದೆ ಬಂದು ಹೆದ್ದಾರಿ ಹಿಡಿದು ರಾತ್ರಿಗೆ ಕುಂದಾಪುರ, ನೀರುದೋಸೆ, ಕೋಳಿಸಾರು. ನವೆಂಬರ್ ಕೊನೆಯಿಂದ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯ ವಾರದ ಹೊತ್ತಿನವರೆಗೆ, ಈ ಸೀಮೆಯಲ್ಲಿ ಎಲ್ಲಾದರೂ ಒಂದು ಹರಕೆ ಬಯಲಾಟ (ಹರಕೆಗೆ ಆಡಿಸುವ ಯಕ್ಷಗಾನ) ಇದ್ದೇ ಇರುತ್ತದೆ. ಟಿಕೆಟ್ ಇಲ್ಲ, ಎಲ್ಲಿ ಎಂದು ಊಟದ ಹೋಟೆಲಿನಲ್ಲೇ ಕೇಳಿ.

ಮರವಂತೆಗೆ ಎಲ್ಲರೂ ಸಂಜೆ ಹೋಗುತ್ತಾರೆ. ನಾವು ಮೂರನೇ ದಿನ ಬೆಳಿಗ್ಗೆ ಆರೂವರೆಗೆ ಹೋಗುತ್ತೇವೆ. ಬಲಕ್ಕೆ ಸೌಪರ್ಣಿಕಾ ಅಲುಗದೆ ಮಲಗಿರುತ್ತದೆ, ಅದರಾಚೆ ತೆಂಗಿನ ಸಾಲು, ಹವೆ ತಿಳಿಯಾಗಿದ್ದರೆ ಅದರ ಮೇಲೆ ಕೊಡಚಾದ್ರಿಯ ನೀಲಿ ಗೆರೆ. ಎಡಕ್ಕೆ ಹತ್ತು ಹೆಜ್ಜೆಗೆ ಕಡಲು ಕಲ್ಲಿಗೆ ಬಡಿಯುತ್ತಿರುತ್ತದೆ. ಒಂದು ಕಿವಿಗೆ ಸದ್ದು, ಇನ್ನೊಂದಕ್ಕೆ ಮೌನ. ಇದು ಈಗ ಚತುಷ್ಪಥ, ಎಕ್ಸ್‌ಪ್ರೆಸ್ ಬಸ್ಸುಗಳ ಓಟ ಜೋರು. ಕಾರನ್ನು ಬಿಳಿಗೆರೆಯಿಂದ ಪೂರ್ತಿ ಹೊರಗೆ ನಿಲ್ಲಿಸಿ, ಹೊಳೆ ನೋಡಲು ರಸ್ತೆ ದಾಟುವಾಗ ಡಿವೈಡರಿನಲ್ಲಿ ಒಮ್ಮೆ ನಿಂತು ದಾಟಿ. ಮೀನಿನ ಲಾರಿಗಳ ನೀರು ಸುರಿದ ಜಾಗ ಬೆಳಗಿನ ಹೊತ್ತು ಎಣ್ಣೆಯ ಹಾಗೆ ಜಾರುತ್ತದೆ, ಬೈಕಿನವರು ಲಾರಿಯ ಹಿಂದೆ ಅಂಟಿಕೊಂಡು ಹೋಗಬಾರದು.

ಬೈಂದೂರಿನ ಒತ್ತಿನೆಣೆ ಹತ್ತಿ, ಸೋಮೇಶ್ವರದ ದಡ ಮೇಲಿನಿಂದಲೇ ನೋಡಿ, ಶಿರೂರು ಟೋಲು ದಾಟಿದರೆ ಉತ್ತರ ಕನ್ನಡ. 2024ರ ಜುಲೈ 16ರಂದು ಗುಡ್ಡ ಕುಸಿದ ಶಿರೂರು ಇದಲ್ಲ, ಅದು ಅಂಕೋಲಾ ತಾಲೂಕಿನದ್ದು. ಮಳೆಗಾಲದಲ್ಲಿ ಸುದ್ದಿ ನೋಡಿ ದಾರಿ ನಿರ್ಧರಿಸುವವರು ಇದನ್ನು ಗೊತ್ತುಮಾಡಿಕೊಂಡಿರಬೇಕು. ಇಲ್ಲಿಂದ ಮೀನಿನ ಹೆಸರೂ ಬದಲಾಗುತ್ತದೆ. ಮಂಗಳೂರಿನ ಬೂತಾಯಿ ಕುಂದಾಪುರದಲ್ಲಿ ಬೈಗೆ, ಮುಂದೆ ತಾರ್ಲೆ. ಅಂಜಲ್ ಹೋಗಿ ಇಸ್ವಾಣ, ಕಾಣೆ ಹೋಗಿ ನೊಗ್ಲಿ, ಚಿಪ್ಪಿನ ಮರುವಾಯಿ ಅಘನಾಶಿನಿ ಹೊಳೆಗೆ ಬರುವಾಗ ಬೆಳಚು. ಹಳೆಯ ಹೆಸರಲ್ಲಿ ಕೇಳಿ ‘ಇಲ್ಲ’ ಅನ್ನಿಸಿಕೊಂಡು ಬರೀ ಅನ್ನ–ಸಾರು ಉಂಡವರಿದ್ದಾರೆ. ಇಡೀ ಮೀನಾದರೆ ಹುರಿಯುವ ಮೊದಲು ತೋರಿಸಲು ಹೇಳಿ, ಬೆಲೆ ಗಾತ್ರದ ಮೇಲೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ, ಆಗ ಹೋಟೆಲಿನ ದೊಡ್ಡ ಮೀನು ಹೆಚ್ಚಾಗಿ ಐಸಿನದ್ದು. ಹೊಳೆಮೀನು ಕೇಳಿ.

ಮುರುಡೇಶ್ವರದ 123 ಅಡಿಯ ಶಿವನನ್ನು ನೋಡಲು ಒಂದು ಗಂಟೆ ಸಾಕು; ರಾತ್ರಿ ಉಳಿಯಲು ನಮಗೆ ಹೊನ್ನಾವರದ ಕಾಸರಕೋಡು ಇಷ್ಟ. ನಾಲ್ಕನೇ ದಿನ ಬೆಳಿಗ್ಗೆ ಅಲ್ಲಿನ ಕಾಂಡ್ಲಾವನದ (ಮ್ಯಾಂಗ್ರೋವ್ ಕಾಡಿನ) ಮರದ ಹಾದಿಯಲ್ಲಿ ನಡೆಯುವುದಾದರೆ ಇಳಿತದಲ್ಲಿ ಹೋಗಿ. ಕೆಸರಿನಿಂದ ಮೇಲೆದ್ದ ಉಸಿರುಬೇರು, ಏಡಿ ಎಲ್ಲ ಆಗಲೇ ಕಾಣುವುದು. ಭರತದಲ್ಲಿ ಬರೀ ನೀರು. ಕುಮಟಾ ದಾಟಿ ಮಿರ್ಜಾನ ಕೋಟೆ, ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದ ಚೆನ್ನಭೈರಾದೇವಿಯದ್ದು. ಮುರಕಲ್ಲಿನ ಮೇಲೆ ಪಾಚಿ ಇದ್ದಾಗ ಚಪ್ಪಲಿ ನಿಲ್ಲುವುದಿಲ್ಲ. ಮಾದನಗೇರಿಯಲ್ಲಿ ತಿರುಗಿ ಗೋಕರ್ಣಕ್ಕೆ ಹೋಗುವಾಗ ಸಾಣಿಕಟ್ಟೆಯ ಉಪ್ಪಿನಾಗರಗಳು ಸಿಗುತ್ತವೆ. ಎರಡು ಕಿಲೋ ಕೊಂಡರೆ ಉಪ್ಪಿನಕಾಯಿಗಾಯಿತು.

ಐದನೇ ದಿನ ಕಾರಿಗೆ ರಜೆ. ಗೋಕರ್ಣದ ಕುಡ್ಲೆ ದಡದಿಂದ ಓಂ ದಡಕ್ಕೆ ಗುಡ್ಡದ ಹಾದಿ ಅರ್ಧ ಗಂಟೆ. ಅಲ್ಲಿಂದ ಹಾಫ್ ಮೂನ್, ಪ್ಯಾರಡೈಸ್ ದಡಗಳ ಕಡೆಗೆ ಬಂಡೆ ಹತ್ತಿಳಿಯಬೇಕು, ತಲಾ ಒಂದೂವರೆ ಲೀಟರ್ ನೀರು ಬೇಕು, ನಾಲ್ಕು ಗಂಟೆಗೆ ವಾಪಸ್ ಹೊರಡಬೇಕು. ಕತ್ತಲಾದ ಮೇಲೆ ಆ ಹಾದಿಯಲ್ಲಿ ದೀಪವಿಲ್ಲ.

ಕೊನೆಯ ದಿನ ಅಂಕೋಲಾ, ಕಾರವಾರ. ಮೇ ತಿಂಗಳಾದರೆ ಅಂಕೋಲೆಯ ಇಶಾಡ ಮಾವು, ಸಿಪ್ಪೆ ತೆಳ್ಳಗಿರುವ ಕರಿಇಶಾಡವನ್ನೇ ಕೇಳಿ. ಕಾರವಾರದ ಟ್ಯಾಗೋರ್ ದಡದಲ್ಲಿ ಐಎನ್‌ಎಸ್ ಚಪಲ್ ಹಡಗಿನ ಒಳಗೆ ಹೋಗಿ ನೋಡಬಹುದು. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದ ಮೇಲೆ ಸದಾಶಿವಗಡಕ್ಕೆ ಎರಡೂ ಕಡೆಯ ವಾಹನ ಉಳಿದ ಒಂದರಲ್ಲೇ. ಸಂಜೆ ಆ ಕಡೆ ಹೋಗುವುದಾದರೆ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ಟೋಲು ಐದು: ಹೆಜಮಾಡಿ, ಸಾಸ್ತಾನ, ಶಿರೂರು, ಹೊಳೆಗದ್ದೆ, ಹಟ್ಟಿಕೇರಿ. 24 ಗಂಟೆಯೊಳಗೆ ಮರಳಿದರೆ ಸಿಗುವ ರಿಯಾಯಿತಿ ಆರು ದಿನದವರಿಗೆ ಸಿಗುವುದಿಲ್ಲ, ನಿಧಾನಕ್ಕೆ ಕಟ್ಟುವ ದಂಡ ಅದೊಂದೇ. ಬೆಂಗಳೂರಿನವರು ಅಂಕೋಲೆಯಿಂದ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿಯಾಗಿ ಹೋದರೆ ಬಂದ ದಾರಿಯನ್ನೇ ತುಳಿಯಬೇಕಾಗಿಲ್ಲ, ಲಾರಿಗಳ ಸಾಲು ತಪ್ಪಿಸಲು ಬೆಳಿಗ್ಗೆ ಆರಕ್ಕೆ ಹೊರಡಿ. ಮೊದಲ ಎರಡು ಮೂರು ಬ್ರೇಕಿಗೆ ಕಿರ್ರೆಂದರೆ ಹೆದರಬೇಡಿ, ರಾತ್ರಿಯ ಉಪ್ಪುಗಾಳಿಗೆ ಡಿಸ್ಕಿನ ಮೇಲೆ ಕೂತ ತುಕ್ಕು ಅದು, ತಾನೇ ಉಜ್ಜಿ ಹೋಗುತ್ತದೆ. ಕಾರಿನ ಅಡಿಭಾಗದ್ದು ಹೋಗುವುದಿಲ್ಲ. ಮನೆ ಮುಟ್ಟಿದ ಮರುದಿನವೇ ರ‍್ಯಾಂಪಿಗೆ ಹತ್ತಿಸಿ ಸಿಹಿನೀರಿನಲ್ಲಿ ತೊಳೆಸಿ, ಚಕ್ರದ ಕಮಾನಿನ ಒಳಮೂಲೆಯಲ್ಲಿ ಮರಳು ಉಳಿದಿದೆಯೇ ಎಂದು ಕೈಯಾಡಿಸಿ ನೋಡಿಕೊಳ್ಳಿ.