ಬಲೆ ಬಿದ್ದದ್ದು ಎಲ್ಲಿ? ಅಪರೂಪದ ಕಡಲಜೀವಿಯನ್ನು ದಾಖಲಿಸುವ ಬಗೆ

ಕಲಬುರಗಿಯಿಂದ ಕಾರವಾರದ ಕಡಲಿಗೆ ರಸ್ತೆಯಲ್ಲಿ 500 ಕಿಲೋಮೀಟರಿನಷ್ಟು ದೂರ. ಹೀಗಿದ್ದರೂ ಪ್ರಾಣಿಶಾಸ್ತ್ರ ಕಲಿಸುವ ನನ್ನ ಮೇಜಿಗೆ ವರ್ಷಕ್ಕೆ ನಾಲ್ಕೈದಾದರೂ ಕಡಲಜೀವಿಗಳ ‘ಹೊಸ ದಾಖಲೆ’ಗಳು ಬಂದೇ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಕರಾವಳಿ ಪ್ರವಾಸ ಮುಗಿಸಿ ಬಂದ ವಿದ್ಯಾರ್ಥಿಗಳವು. ಕೆಲವು ನಮ್ಮೂರಿನ ಮೀನು ಮಾರುಕಟ್ಟೆಯವು. ಹಿಂದೊಮ್ಮೆ ಬಿ.ಎಸ್‌ಸಿ. ವಿದ್ಯಾರ್ಥಿಯೊಬ್ಬ ಇಲ್ಲಿಯ ಮಾರುಕಟ್ಟೆಯಲ್ಲಿ ಬರ್ಫದ ಮೇಲೆ ಮಲಗಿಸಿದ್ದ ರಿಬ್ಬನ್ ಮೀನಿನ ಚಿತ್ರ ತೆಗೆದು, ಜೀವಿಗಳನ್ನು ದಾಖಲಿಸುವ ಜಾಲತಾಣವೊಂದಕ್ಕೆ ಏರಿಸಿದ್ದ. ಮೀನಿನ ಹೆಸರು ಸರಿಯಾಗಿಯೇ ಇತ್ತು, ಚಿತ್ರವೂ ಸ್ಪಷ್ಟವಾಗಿತ್ತು. ಸ್ಥಳದ ಖಾನೆಯಲ್ಲಿ ಮಾತ್ರ ‘ಕಲಬುರಗಿ’ ಎಂದಿತ್ತು. ಪರಿಣಾಮವಾಗಿ ಭಾರತದ ನಕ್ಷೆಯಲ್ಲಿ, ತೊಗರಿ ಹೊಲಗಳ ನಟ್ಟನಡುವೆ, ಕಡಲ ಮೀನಿನದೊಂದು ಚುಕ್ಕೆ ಮೂಡಿತು.

ಹೆಸರಿಗಾಗಿ ಮೂರು ದಿನ ವಾದ ಮಾಡುವವರು ಸ್ಥಳವನ್ನು ಮೂರು ಸೆಕೆಂಡಿನಲ್ಲಿ ಬರೆದು ಮುಗಿಸುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ಹೆಸರು ತಪ್ಪಾಗಿದ್ದರೂ ಒಳ್ಳೆಯ ಚಿತ್ರವೊಂದು ಉಳಿದಿದ್ದರೆ ಇಪ್ಪತ್ತು ವರ್ಷಗಳ ನಂತರವೂ ಬಲ್ಲವರು ಅದನ್ನು ತಿದ್ದಬಹುದು. ಸ್ಥಳ ತಪ್ಪಾಗಿದ್ದರೆ ಚಿತ್ರವನ್ನು ಎಷ್ಟು ನೋಡಿದರೂ ಅದು ಗೊತ್ತಾಗುವುದಿಲ್ಲ. ಆದ್ದರಿಂದ ಈ ಲೇಖನದಲ್ಲಿ ಮೂರನೆಯ ಹೆಜ್ಜೆಗೇ ಹೆಚ್ಚು ಜಾಗ ಹೋಗಿದೆ.

ಹೆಜ್ಜೆ 1: ಮುಟ್ಟಬಹುದೇ ಎಂದು ನೋಡಿ

ಕಡಲಾಮೆ, ತಿಮಿಂಗಿಲ, ಡಾಲ್ಫಿನ್, ತಿಮಿಂಗಿಲ ಶಾರ್ಕ್, ಹವಳ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವುದರಿಂದ, ಸತ್ತು ದಡಕ್ಕೆ ಬಿದ್ದಿದ್ದರೂ ಅವುಗಳ ಒಂದು ತುಂಡನ್ನೂ ಎತ್ತಿಕೊಳ್ಳಬಾರದು. ಚಿತ್ರ ತೆಗೆದುಕೊಂಡು ಅರಣ್ಯ ಇಲಾಖೆಗೆ ತಿಳಿಸಿದರೆ ನಿಮ್ಮ ಕೆಲಸ ಮುಗಿಯಿತು. ಮರಳಿನ ಮೇಲೆ ಬಿದ್ದ ನೀಲಿ ಗುಳ್ಳೆಯಂಥ ಬ್ಲೂಬಾಟಲ್ ಸತ್ತ ಮೇಲೂ ಕುಟುಕುತ್ತದೆ. ಅದನ್ನು ಬರಿಗೈಯಲ್ಲಿ ಹಿಡಿದು ಸೆಲ್ಫಿ ತೆಗೆದುಕೊಳ್ಳುವ ಉತ್ಸಾಹ ಬೇಡ.

ಹೆಜ್ಜೆ 2: ಬಣ್ಣ ಮಾಸುವ ಮುನ್ನ ಚಿತ್ರ

ಮೀನಿನ ಮೈಬಣ್ಣ ಸತ್ತ ಸ್ವಲ್ಪ ಹೊತ್ತಿನಲ್ಲೇ ಮಾಸತೊಡಗುತ್ತದೆ, ಆದ್ದರಿಂದ ಉಳಿದ ಎಲ್ಲಕ್ಕಿಂತ ಮೊದಲು ಚಿತ್ರವಾಗಬೇಕು. ತಲೆ ಎಡಕ್ಕೆ ಬರುವಂತೆ ಮೀನನ್ನು ಮಲಗಿಸಿ, ಎಡಮಗ್ಗುಲನ್ನು ನೇರವಾಗಿ ಮೇಲಿನಿಂದ ತೆಗೆಯಿರಿ. ಇದು ಮೀನುಶಾಸ್ತ್ರದಲ್ಲಿ ಮೊದಲಿನಿಂದ ನಡೆದು ಬಂದ ಪದ್ಧತಿ. ಹಿನ್ನೆಲೆಗೆ ನಮ್ಮ ಶಹಾಬಾದ್ ಕಲ್ಲಿನ ಬೂದುಬಣ್ಣದ ಪರಸಿಯನ್ನು ಮೀರಿಸಿದ್ದು ನನಗೆ ಇನ್ನೂ ಸಿಕ್ಕಿಲ್ಲ. ಒಂದು ಅಡಿ ಉದ್ದದ ಪಾಲಿಶ್ ಮಾಡದ ತುಂಡೊಂದನ್ನು ಪ್ರವಾಸದ ಬಸ್ಸಿನಲ್ಲಿ ಒಯ್ಯುತ್ತೇನೆ, ವಿದ್ಯಾರ್ಥಿಗಳು ನಗುತ್ತಾರೆ. ನೀರು ಚಿಮುಕಿಸಿದರೆ ಅದು ಹೊಳೆಯುವುದಿಲ್ಲ, ಬೆಳ್ಳಗಿನ ಮೀನಿನ ಅಂಚೂ ಕಪ್ಪು ಮೀನಿನ ಅಂಚೂ ಅದರ ಮೇಲೆ ಒಂದೇ ರೀತಿ ಕಾಣುತ್ತವೆ. ಬಿಳಿ ಥರ್ಮೋಕೋಲ್ ಹಾಳೆ ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತದೆ. ಗುಂಡುಸೂಜಿ ಚುಚ್ಚಿ ರೆಕ್ಕೆಗಳನ್ನು ಬಿಡಿಸಿ ನಿಲ್ಲಿಸುವುದಕ್ಕೆ ಮಾತ್ರ ಅದು ಸರಿ.

ಪಕ್ಕದಲ್ಲಿ ಅಳತೆಪಟ್ಟಿ ಇರಲೇಬೇಕು. ಮರೆತಿದ್ದರೆ 10 ರೂಪಾಯಿಯ ನಾಣ್ಯ ಇಡಿ. ಅದರ ಅಡ್ಡಳತೆ 27 ಮಿಲಿಮೀಟರ್. ಬೆಂಕಿಪೊಟ್ಟಣ, ಪೆನ್ನು, ನಿಮ್ಮ ಕೈಬೆರಳು ಯಾವುವೂ ಅಳತೆಯಲ್ಲ. ಏಡಿಯಾದರೆ ಬೆನ್ನಿನ ಜೊತೆ ಹೊಟ್ಟೆಯ ಕಡೆಯದೂ ಬೇಕು, ಏಕೆಂದರೆ ಗಂಡು ಹೆಣ್ಣು ಗೊತ್ತಾಗುವುದು ಅಲ್ಲಿಯೇ. ಶಂಖವಾದರೆ ಬಾಯಿಯ ಕಡೆಯದು ಬೇಕು. ಅಂಬಲಿ ಮೀನಿನ (ಜೆಲ್ಲಿಫಿಶ್) ಚಿತ್ರವನ್ನು ಮರಳಿನ ಮೇಲೆಯೇ ತೆಗೆದರೆ ಅದು ಬರೀ ಮುದ್ದೆ; ಕಡಲನೀರು ತುಂಬಿದ ಗಾಢಬಣ್ಣದ ಬೋಗುಣಿಯಲ್ಲಿ ತೇಲಿಸಿದಾಗಲೇ ಅದರ ಆಕಾರ ಕಾಣುತ್ತದೆ.

ಇಲ್ಲೊಂದು ಮಾತು. ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳುಹಿಸಬೇಡಿ. ಅದು ಚಿತ್ರವನ್ನು ಕುಗ್ಗಿಸುತ್ತದೆ, ಒಳಗಿರುವ ದಿನಾಂಕ ಮತ್ತು ಸ್ಥಳದ ವಿವರವನ್ನೂ ಅಳಿಸುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳುಹಿಸಿ. ಚಿತ್ರದ ಮೇಲೆಯೇ ನಕ್ಷೆ, ವಿಳಾಸ, ಹವಾಮಾನ ಎಲ್ಲವನ್ನೂ ಅಚ್ಚೊತ್ತುವ ಆ್ಯಪ್‌ಗಳು ಇನ್ನೂ ಕೆಟ್ಟವು. ಅವು ಮೀನಿನ ಬಾಲದ ಮೇಲೆ ನಕ್ಷೆ ಕೂರಿಸುತ್ತವೆ. ಆ ನಕ್ಷೆಯೂ ನೀವು ನಿಂತ ಜಾಗದ್ದೇ ಹೊರತು ಮೀನು ಬದುಕಿದ್ದ ಜಾಗದ್ದಲ್ಲ.

ಹೆಜ್ಜೆ 3: ಸ್ಥಳ

ಮೀನಿಗೆ ಮೂರು ಸ್ಥಳಗಳಿರುತ್ತವೆ: ಮಾರಾಟವಾದ ಜಾಗ, ದೋಣಿಯಿಂದ ಇಳಿದ ಬಂದರು, ಬಲೆ ಬಿದ್ದ ಜಾಗ. ದಾಖಲೆಗೆ ಬೇಕಾದದ್ದು ಮೂರನೆಯದು. ನಮ್ಮ ಮಾರುಕಟ್ಟೆಯಲ್ಲಿ “ಎಲ್ಲಿಂದ ಬಂತ್ರೀ ಕಾಕಾ?” ಎಂದರೆ “ಮಂಗಳೂರಿಂದ ಬಂದದ ನೋಡ್ರಿ” ಎಂಬ ಉತ್ತರ ಬರುತ್ತದೆ. ಆ ಉತ್ತರದಲ್ಲಿ ಸುಳ್ಳಿಲ್ಲ, ಆದರೆ ಅದು ಲಾರಿ ಹೊರಟ ಊರು. ಜೊತೆಗೆ ಋತುವನ್ನೂ ನೋಡಬೇಕು. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಆದ್ದರಿಂದ ಜುಲೈ ತಿಂಗಳಲ್ಲಿ ಕಲಬುರಗಿಯಲ್ಲಿ ಕಂಡ ಟ್ರಾಲ್ (ದೋಣಿ ಎಳೆದೊಯ್ಯುವ ಬಲೆ) ಮೀನು ಮಂಗಳೂರಿನದೆಂದು ಬರೆಯುವ ಮುನ್ನ, ಅದು ಆಂಧ್ರದ ಕಡೆಯಿಂದ ಬಂದ ಬಂಗಾಳಕೊಲ್ಲಿಯ ಮೀನಾಗಿರಬಹುದೇ ಅಥವಾ ಶೀತಲಗೃಹದಲ್ಲಿದ್ದ ಹಳೆಯ ಮೀನಾಗಿರಬಹುದೇ ಎಂದು ಯೋಚಿಸಲೇಬೇಕು. ಜೀವಿಯೊಂದು ಹೊಸ ಜಾಗದಲ್ಲಿ ಕಂಡಿತೆನ್ನುವ ದಾಖಲೆಯಲ್ಲಿ ಅರಬ್ಬಿ ಸಮುದ್ರವೋ ಬಂಗಾಳಕೊಲ್ಲಿಯೋ ಎಂಬುದೇ ತಿಳಿಯದಿದ್ದರೆ ಮಿಕ್ಕ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಬಂದರಿನಲ್ಲೇ ನಿಂತು ನೋಡಿದವರು ತಾವು ಗೆದ್ದೆವೆಂದುಕೊಳ್ಳುತ್ತಾರೆ. ಅದೂ ಪೂರ್ತಿ ನಿಜವಲ್ಲ. ಮಲ್ಪೆ, ಮಂಗಳೂರಿನ ದೊಡ್ಡ ಟ್ರಾಲ್ ದೋಣಿಗಳು ವಾರ, ಹತ್ತು ದಿನ ಕಡಲಿನಲ್ಲಿದ್ದು, ಗೋವಾ, ಮಹಾರಾಷ್ಟ್ರ, ಕೇರಳದ ಎದುರಿನ ನೀರಿನಲ್ಲೂ ಬಲೆ ಎಳೆದು ಬರುತ್ತವೆ. ಆದ್ದರಿಂದ ದೋಣಿ ನಡೆಸುವ ಮುಖ್ಯಸ್ಥರಾದ ತಾಂಡೇಲರನ್ನು ಹುಡುಕಬೇಕು. ಮೀನು ಇಳಿಸುವ ಗಡಿಬಿಡಿ ಮುಗಿದು ಅವರು ಚಹಾ ಕುಡಿಯಲು ಕೂತಾಗ ಕೇಳಬೇಕು. ಎಷ್ಟು ಮಾರು ಆಳದಲ್ಲಿ ಬಲೆ ಹಾಕಿದ್ದರು? (ಒಂದು ಮಾರು ಎಂದರೆ 6 ಅಡಿ, ಅವರು 40 ಮಾರು ಎಂದರೆ ನೀವು 73 ಮೀಟರ್ ಎಂದು ಬರೆಯುತ್ತೀರಿ, ಜೊತೆಗೆ ಅವರು ಹೇಳಿದ 40 ಮಾರು ಎಂಬುದನ್ನೂ ಹಾಗೆಯೇ ಬರೆದಿಡುತ್ತೀರಿ.) ಬಂದರಿನಿಂದ ಯಾವ ದಿಕ್ಕಿಗೆ ಎಷ್ಟು ಗಂಟೆಯ ದಾರಿ? ಟ್ರಾಲ್ ಬಲೆಯೋ, ಮೀನಿನ ಹಿಂಡನ್ನು ಸುತ್ತುವರಿಯುವ ಪರ್ಸೀನ್ ಬಲೆಯೋ? ಹಗಲೋ ರಾತ್ರಿಯೋ? ದೋಣಿಯಲ್ಲಿ ಜಿಪಿಎಸ್ ಯಂತ್ರವಿದ್ದರೆ, ಅವರ ಒಪ್ಪಿಗೆ ಪಡೆದು ಅದರ ಪರದೆಯ ಚಿತ್ರ ತೆಗೆದುಕೊಳ್ಳಿ.

ಉತ್ತರವನ್ನು ಬಾಯಿಗಿಡುವಂಥ ಪ್ರಶ್ನೆ ಕೇಳಬಾರದು. “ಭಟ್ಕಳದ ಹತ್ತಿರ ಅಲ್ಲವೇ ಸಿಕ್ಕಿದ್ದು?” ಎಂದರೆ ದಾಕ್ಷಿಣ್ಯಕ್ಕೆ “ಹೌದು” ಎಂದುಬಿಡುತ್ತಾರೆ. “ಎಲ್ಲಿ?” ಎಂದಷ್ಟೇ ಕೇಳಿ ಸುಮ್ಮನಾಗಿ. ಕೆಲವರು ತಮ್ಮ ಮೀನಿನ ಜಾಗವನ್ನು ಹೇಳುವುದಿಲ್ಲ, ಅದು ಅವರ ಅನ್ನದ ಗುಟ್ಟು. ಆಗ ‘ಮಲ್ಪೆ ಬಂದರಿನಲ್ಲಿ ಇಳಿದದ್ದು, ಹಿಡಿದ ಜಾಗ ತಿಳಿದಿಲ್ಲ’ ಎಂದು ಬರೆಯುವುದೇ ಸರಿ. ಊಹಿಸಿ ಬರೆದ ನಾಲ್ಕು ದಶಮಾಂಶಕ್ಕಿಂತ ಈ ಒಂದು ಸಾಲು ಹೆಚ್ಚು ಬೆಲೆಯುಳ್ಳದ್ದು.

ದಶಮಾಂಶದ ಮಾತು ಬಂತು. ಅಕ್ಷಾಂಶ ರೇಖಾಂಶಗಳನ್ನು ಬರೆಯುವಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪೆಂದರೆ ಡಿಗ್ರಿಯ ದಶಮಾಂಶವನ್ನು ಮಿನಿಟು ಎಂದು ತಿಳಿಯುವುದು. ಮಲ್ಪೆಯ ಅಕ್ಷಾಂಶ ಸುಮಾರು 13.35 ಡಿಗ್ರಿ. ಅದನ್ನು ‘13 ಡಿಗ್ರಿ 35 ಮಿನಿಟು’ ಎಂದು ಬರೆದರೆ ಅದು 13.58 ಡಿಗ್ರಿಯಾಗುತ್ತದೆ. ಒಂದು ಡಿಗ್ರಿ ಅಕ್ಷಾಂಶಕ್ಕೆ 111 ಕಿಲೋಮೀಟರ್ ಲೆಕ್ಕದಲ್ಲಿ ನಿಮ್ಮ ಮೀನು ಸುಮಾರು 26 ಕಿಲೋಮೀಟರ್ ಉತ್ತರಕ್ಕೆ, ಕುಂದಾಪುರದ ಸಮೀಪಕ್ಕೆ ಈಜಿ ಹೋಗಿರುತ್ತದೆ. ಮಿನಿಟಿನ ಜಾಗದಲ್ಲಿ 60 ಅಥವಾ ಅದಕ್ಕಿಂತ ದೊಡ್ಡ ಅಂಕೆ ಕಂಡರೆ, ಉದಾಹರಣೆಗೆ ‘74 ಡಿಗ್ರಿ 70 ಮಿನಿಟು’, ಅಲ್ಲಿ ಈ ತಪ್ಪು ನಡೆದಿದೆ ಎಂದೇ ತಿಳಿಯಿರಿ. ಒಂದೇ ರೂಢಿ ಇಟ್ಟುಕೊಳ್ಳಿ; ನನ್ನ ಮಟ್ಟಿಗೆ ದಶಮಾಂಶ ಡಿಗ್ರಿಯೇ ವಾಸಿ. ದಶಮಾಂಶದ ನಂತರ ನಾಲ್ಕು ಅಂಕೆ ಎಂದರೆ ಸುಮಾರು 11 ಮೀಟರಿನ ನಿಖರತೆ. ಗಂಟೆಗಟ್ಟಲೆ ಎಳೆದ ಬಲೆಯ ಮೀನಿಗೆ ಆರು ಅಂಕೆ ಬರೆಯುವುದು ನಗೆಪಾಟಲು. ಎರಡು ಅಂಕೆ ಬರೆದು, ಎಷ್ಟು ಕಿಲೋಮೀಟರ್ ಆಚೀಚೆ ಇರಬಹುದೆಂದು ಪಕ್ಕದಲ್ಲಿ ನಮೂದಿಸಿ.

ಮಾರುಕಟ್ಟೆಯಲ್ಲಿ ಕಂಡದ್ದು ದಾಖಲೆಗೆ ಬಾರದೆಂದು ಇದರ ಅರ್ಥವಲ್ಲ. 1997ರ ಸೆಪ್ಟೆಂಬರಿನಲ್ಲಿ ಇಂಡೋನೇಷ್ಯಾದ ಮನಾಡೊ ಪಟ್ಟಣದ ಮೀನು ಮಾರುಕಟ್ಟೆಯಲ್ಲಿ ಕಡಲಜೀವಿ ವಿಜ್ಞಾನಿ ಮಾರ್ಕ್ ಎರ್ಡ್‌ಮನ್ ದಂಪತಿ ಗಾಡಿಯ ಮೇಲೊಂದು ಸೀಲಕ್ಯಾಂತ್ ಕಂಡರು. ಪಳೆಯುಳಿಕೆಗಳಿಂದಷ್ಟೇ ಗೊತ್ತಿದ್ದ ಈ ಮೀನಿನ ಗುಂಪು 1938ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಟ್ರಾಲ್ ದೋಣಿಯೊಂದರ ಬಲೆಗೆ ಬಿದ್ದು ಜಗತ್ತನ್ನು ಬೆರಗುಗೊಳಿಸಿತ್ತು, ಆದರೆ ಏಷ್ಯಾದ ನೀರಿನಲ್ಲಿ ಅದು ಇದೆಯೆಂದು ಯಾವ ವಿಜ್ಞಾನಿಗೂ ಗೊತ್ತಿರಲಿಲ್ಲ. ಅವರು ಚಿತ್ರ ತೆಗೆದುಕೊಂಡರು, ಮೀನು ಮಾರಾಟವಾಗಿ ಹೋಯಿತು. ಆಮೇಲೆ ಎರ್ಡ್‌ಮನ್ ಮಾಡಿದ ಕೆಲಸವೇ ನಾನು ಮೇಲೆ ಹೇಳಿದ್ದು: ಸುತ್ತಲಿನ ಮೀನುಗಾರರನ್ನು ತಿಂಗಳುಗಟ್ಟಲೆ ಕೇಳುತ್ತ ಹೋದರು. ಅವರ ಬಾಯಲ್ಲಿ ಆ ಮೀನಿಗೆ ‘ರಾಜಾ ಲಾವುತ್’, ಅಂದರೆ ಕಡಲ ರಾಜ, ಎಂಬ ಹೆಸರು ಮೊದಲೇ ಇತ್ತು. 1998ರ ಜುಲೈಯಲ್ಲಿ ಮನಾಡೊ ಟುವಾ ದ್ವೀಪದ ಬಳಿ ಆಳದ ಬಲೆಗೆ ಇನ್ನೊಂದು ಬಿದ್ದಾಗ, ಬಲೆ ಎಲ್ಲಿತ್ತೆಂಬುದೂ ಅದನ್ನು ಹಿಡಿದವರು ಯಾರೆಂಬುದೂ ಖಚಿತವಾಗಿತ್ತು. ಮರುವರ್ಷ ಅದಕ್ಕೆ ಹೊಸ ಪ್ರಭೇದವೆಂಬ ಹೆಸರು ಬಂತು.

ದಿನಾಂಕವೂ ಹೀಗೆಯೇ: ಬಲೆಗೆ ಬಿದ್ದ ದಿನ ಬೇರೆ, ನೀವು ಕಂಡ ದಿನ ಬೇರೆ. ಎರಡನ್ನೂ ಬರೆಯಿರಿ.

ಹೆಜ್ಜೆ 4: ಮಾದರಿಯನ್ನು ಉಳಿಸುವುದು

ರಕ್ಷಿತ ಜೀವಿಯಲ್ಲದಿದ್ದರೆ, ಮಾರಾಟಕ್ಕಿರುವ ಮೀನನ್ನು ದುಡ್ಡು ಕೊಟ್ಟು ಕೊಳ್ಳಿ; ಚೌಕಾಸಿ ಬೇಡ. ಬರ್ಫದಲ್ಲಿಟ್ಟು ತಂದು, ಬಲಮಗ್ಗುಲಿನಿಂದ ಕಡಲೆಕಾಳಿನಷ್ಟು ಮಾಂಸ ತೆಗೆದು ಶೇ 95ರ ಆಲ್ಕೋಹಾಲಿನಲ್ಲಿ ಹಾಕಿಡಿ. ಇದು ಮೊದಲು ಆಗಬೇಕು, ಮಾದರಿ ಕೊಳೆಯದಂತೆ ಇಡುವ ಫಾರ್ಮಾಲಿನ್ ಸೋಕಿದ ಮೇಲೆ ಡಿಎನ್‌ಎ ಹಾಳಾಗುತ್ತದೆ. ಆಲ್ಕೋಹಾಲಿಗೆ ಬದಲಾಗಿ ಕೈತೊಳೆಯುವ ಸ್ಯಾನಿಟೈಸರ್ ಬಳಸಿದವರನ್ನು ನೋಡಿದ್ದೇನೆ. ಆ ಅಂಟುದ್ರವದಿಂದ ಏನೂ ಉಳಿಯಲಿಲ್ಲ. ಅನಂತರ ಇಡೀ ಮೀನನ್ನು ಒಂದು ಪಾಲು ಫಾರ್ಮಾಲಿನ್, ಒಂಬತ್ತು ಪಾಲು ನೀರಿನಲ್ಲಿ, ಕೈಗವಸು ಹಾಕಿಕೊಂಡು, ಕಿಟಕಿ ತೆರೆದು ಇಡಬೇಕು.

ಚೀಟಿ ಬಾಟಲಿಯ ಒಳಗಿರಲಿ, ಪೆನ್ಸಿಲಿನಲ್ಲಿ ಬರೆದಿರಲಿ. ಜೆಲ್ ಪೆನ್ನು, ಮಾರ್ಕರ್, ಬಾಲ್‌ಪೆನ್ನಿನ ಬರಹ ಆಲ್ಕೋಹಾಲಿನಲ್ಲಿ ಕರಗಿ ಹೋಗುತ್ತದೆ. ಕಾಲೇಜೊಂದರ ಕಪಾಟಿನಲ್ಲಿ ನೀಲಿನೀರಿನಲ್ಲಿ ಮುಳುಗಿದ ಮೀನುಗಳನ್ನೂ ಬರೀ ಬಿಳಿ ಚೀಟಿಗಳನ್ನೂ ಕಂಡಿದ್ದೇನೆ. ಸಂಖ್ಯೆ, ಸ್ಥಳ ಇಲ್ಲದ ಬಾಟಲಿಗೂ ಉಪ್ಪಿನಕಾಯಿಯ ಭರಣಿಗೂ ಹೆಚ್ಚು ಅಂತರವಿಲ್ಲ. ನಿಜಕ್ಕೂ ಹೊಸದೆನಿಸಿದ ಮಾದರಿ ನಿಮ್ಮಲ್ಲೇ ಇರುವುದಕ್ಕಿಂತ 1916ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾ ಸಂಸ್ಥೆಯಂಥ ಕಡೆ ನೋಂದಣಿ ಸಂಖ್ಯೆ ಪಡೆದಿರುವುದು ಲೇಸು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರಗಳು ಮಂಗಳೂರು ಮತ್ತು ಕಾರವಾರದಲ್ಲಿಯೇ ಇವೆ.

ಹೆಜ್ಜೆ 5: ಹೆಸರು

ಸ್ಥಳೀಯ ಹೆಸರನ್ನು ಕೇಳಿದಂತೆಯೇ ಬರೆದುಕೊಳ್ಳಿ, ಆದರೆ ಅದರ ಮೇಲೆ ಲೆಕ್ಕ ಕಟ್ಟಬೇಡಿ. ಮಂಗಳೂರಿನ ಅಂಜಲ್ ಕಾರವಾರದಲ್ಲಿ ಇಸ್ವಾಣ. ಮಂಗಳೂರಿನ ಬೂತಾಯಿ ಕಾರವಾರದಲ್ಲಿ ತಾರ್ಲೆ. ಫೋನಿನ ಆ್ಯಪ್ ಹೇಳುವ ಹೆಸರು ಹುಡುಕಾಟದ ಆರಂಭವಷ್ಟೇ. ರೆಕ್ಕೆಯ ಮುಳ್ಳುಗಳನ್ನೂ ಕಡ್ಡಿಗಳನ್ನೂ ಎಣಿಸಿ, ಮೀನುಗಳ ಜಾಲತಾಣವಾದ ಫಿಶ್‌ಬೇಸ್‌ನ ವಿವರದೊಡನೆ ಹೋಲಿಸಿ, ಈಗಿನ ಸರಿಯಾದ ಹೆಸರನ್ನು ಕಡಲಜೀವಿಗಳ ಜಾಗತಿಕ ಪಟ್ಟಿಯಾದ ವರ್ಮ್ಸ್‌ನಲ್ಲಿ ನೋಡಿ. ಹಳೆಯ ಹೆಸರುಗಳನ್ನೂ ಹುಡುಕಬೇಕು: ಜಿಲೇಬಿ ಮೀನು ಹಿಂದೆ ಟಿಲಾಪಿಯಾ ಮೊಸಾಂಬಿಕಾ ಆಗಿತ್ತು, ಈಗ ಓರಿಯೊಕ್ರೋಮಿಸ್ ಮೊಸಾಂಬಿಕಸ್. ಹೊಸ ಹೆಸರಿನಲ್ಲಿ ಮಾತ್ರ ಹುಡುಕಿ ‘ಇಲ್ಲಿ ಮೊದಲ ಬಾರಿಗೆ’ ಎಂದು ಬರೆದವರಿಗೆ ಐವತ್ತು ವರ್ಷ ಹಿಂದಿನ ಪ್ರಬಂಧವೊಂದು ಎದುರಾಗುವುದು ಮಾಮೂಲಿ.

ಒಂದೇ ಒಂದು ಮೀನು ಸಿಕ್ಕರೆ ‘ಕಂಡುಬಂದಿದೆ’ ಎನ್ನಿ, ‘ನೆಲೆಸಿದೆ’ ಎನ್ನಬೇಡಿ. ಪ್ರವಾಹದಲ್ಲಿ ತೇಲಿ ಬಂದದ್ದು, ಹಡಗು ಸಮತೋಲಕ್ಕೆ ತುಂಬಿಕೊಳ್ಳುವ ಬಲ್ಲಾಸ್ಟ್ ನೀರಿನಲ್ಲಿ ಬಂದದ್ದು, ಅಕ್ವೇರಿಯಂನವರು ಬಿಟ್ಟದ್ದು ಎಲ್ಲವೂ ಸಾಧ್ಯ. ನೆಲೆಸಿದೆ ಎನ್ನಲು ಮರಿಗಳು, ಮೊಟ್ಟೆ ಹೊತ್ತ ಹೆಣ್ಣುಗಳು, ಬೇರೆ ಬೇರೆ ತಿಂಗಳ ದಾಖಲೆಗಳು ಬೇಕು.

ಹೆಜ್ಜೆ 6: ಸಲ್ಲಿಕೆ

ಜೀವಿಗಳನ್ನು ದಾಖಲಿಸುವ ಜಾಲತಾಣಗಳಾದ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಮೂಲ ಚಿತ್ರಗಳನ್ನು ಏರಿಸಿ, ಸ್ಥಳದ ಅನಿಶ್ಚಿತತೆಯ ಖಾನೆಯನ್ನು ಖಾಲಿ ಬಿಡಬೇಡಿ. ಪತ್ರಿಕೆಗಳಿಗೆ ಸುದ್ದಿ ಕೊಡುವುದು ತಜ್ಞರೊಬ್ಬರಾದರೂ ನೋಡಿದ ಮೇಲೆ.

ಪ್ರವಾಸಕ್ಕೆ ಹೋಗುವ ಮುನ್ನ ಇದನ್ನೆಲ್ಲ ನಮ್ಮ ಹೊಳೆಗಳಲ್ಲೇ ಅಭ್ಯಾಸ ಮಾಡಿಸುತ್ತೇನೆ. ಕಡಲಿನ ನಂಟೂ ಇಲ್ಲಿದೆ: ಕೃಷ್ಣೆಯ ಹಾವುಮೀನು ಸಮುದ್ರದಲ್ಲಿ ಹುಟ್ಟಿ ನದಿಯೇರಿ ಬರುವ ಜೀವಿ. ಬೆನ್ನ ಮೇಲೆ ಬಿಡಿ ಮುಳ್ಳುಗಳ ಸಾಲಿದ್ದರೆ ಅದು ಇಲ್ಲಿಯದೇ ಆದ ಮುಳ್ಳು ಹಾವುಮೀನು, ಅದನ್ನು ಇದರೊಡನೆ ಬೆರೆಸಬಾರದು. ಕಡಲಿನಿಂದ ಬಂದದ್ದಾದರೆ ಪ್ರಕಾಶಂ ಬ್ಯಾರೇಜ್, ನಾಗಾರ್ಜುನಸಾಗರ, ಶ್ರೀಶೈಲ, ಜುರಾಲ ಮುಂತಾದ ತಡೆಗಳನ್ನೆಲ್ಲ ದಾಟಿ ಅದು ಯಾದಗಿರಿ ಜಿಲ್ಲೆಗೆ ಬಂದಿರಬೇಕು. ಆದ್ದರಿಂದ ನಾರಾಯಣಪುರದಲ್ಲಿ ಒಬ್ಬರ ಬುಟ್ಟಿಯಲ್ಲಿ ಅಂಥದೊಂದು ಕಂಡರೆ ಕೇಳಬೇಕಾದ ಮೊದಲ ಪ್ರಶ್ನೆ, ಬಲೆ ಬಿದ್ದದ್ದು ಅಲ್ಲಿಯ ಬಸವಸಾಗರ ಅಣೆಕಟ್ಟಿನ ಮೇಲೋ ಕೆಳಗೋ ಎಂಬುದು.